ಐದು ಜನರ ಮನೆಗೆ ಮಿಡ್‌ಸೈಜ್ ಎಸ್‌ಯುವಿ: ಬೆಂಗಳೂರಲ್ಲಿ ಓಡಿಸ್ತಿರೋರು ಹೇಳಿ

ಸಾಗರದ ಹಾದಿ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಐದು ಜನ. ನಾವಿಬ್ಬರು, ಅಪ್ಪ, ಅಮ್ಮ, ಎಂಟು ವರ್ಷದ ಮಗಳು. ಇರುವುದು ಜೆ.ಪಿ. ನಗರ, ಆಫೀಸು ಮಾರತ್ತಹಳ್ಳಿ. ವಾರಕ್ಕೆ ಮೂರು ದಿನ ಹೋಗಲೇಬೇಕು. ಊರು ಸಾಗರದ ಹತ್ತಿರ, ಹಬ್ಬ ಹುಣ್ಣಿಮೆ ತಪ್ಪಿಸುವ ಹಾಗಿಲ್ಲ. ಕ್ರೆಟಾ, ಸೆಲ್ಟೋಸ್, ಗ್ರ್ಯಾಂಡ್ ವಿಟಾರಾ, ಹೈರೈಡರ್, ಎಲಿವೇಟ್, ಕುಶಾಕ್ ಎಲ್ಲದರ ವಿಡಿಯೋ ನೋಡಿ ತಲೆ ಕೆಟ್ಟಿದೆ. ಯೂಟ್ಯೂಬ್‌ನವರಿಗೆ ಎಲ್ಲಾ ಗಾಡಿನೂ ಸೂಪರ್. ಮನೆಗೆ ತಂದು ವರ್ಷಗಟ್ಟಲೆ ಓಡಿಸಿದವರ ಮಾತು ಬೇಕು. ಡೀಸೆಲ್ಲಾ, ಪೆಟ್ರೋಲಾ, ಹೈಬ್ರಿಡ್ಡಾ?

ಡೀಸೆಲ್ ಗುರು:
ಕಣ್ಣು ಮುಚ್ಚಿಕೊಂಡು ಡೀಸೆಲ್ ತಗೊಳ್ಳಿ ಸಾರ್. ನಿಮ್ಮ ಪಟ್ಟಿಯಲ್ಲಿ ಡೀಸೆಲ್ ಉಳಿದಿರುವುದೇ ಕ್ರೆಟಾ, ಸೆಲ್ಟೋಸ್ ಎರಡರಲ್ಲಿ. ಎರಡಕ್ಕೂ ಅದೇ 1.5 ಲೀಟರ್ ಇಂಜಿನ್, ಆರು ಗೇರಿನ ಆಟೋಮ್ಯಾಟಿಕ್. ಅರಸೀಕೆರೆ ದಾಟಿ ಕಡೂರಿನ ಕಡೆ ಹೋಗುವಾಗ ಲಾರಿ ಹಿಂದೆ ಸಿಕ್ಕಿಹಾಕ್ಕೊಂಡಿರ್ತೀರಿ. ಐದು ಜನ, ಎಸಿ ಆನ್, ಡಿಕ್ಕಿ ಫುಲ್. ಕಾಲು ಸ್ವಲ್ಪ ಒತ್ತಿದರೆ ಸಾಕು, ಗಾಡಿ ಮುಂದೆ. ಸಾದಾ 1.5 ಪೆಟ್ರೋಲ್‌ನಲ್ಲಿ ಆ ಓವರ್‌ಟೇಕ್‌ಗೆ ಇಂಜಿನ್ ಕಿರುಚುತ್ತೆ, ನಿಮ್ಮ ಅಮ್ಮ ದೇವರ ನಾಮ ಶುರು ಮಾಡ್ತಾರೆ.

ಹೊರವರ್ತುಲ:
ಗುರುಗಳೇ, ಅವರು ಊರಿಗೆ ಹೋಗುವುದು ವರ್ಷಕ್ಕೆ ನಾಲ್ಕಾರು ಸಲ. ಸಿಲ್ಕ್ ಬೋರ್ಡ್ ದಾಟುವುದು ವಾರಕ್ಕೆ ಮೂರು ದಿನ. ಲೆಕ್ಕ ಅಲ್ಲಿಂದ ಶುರು ಮಾಡಬೇಕು ಅಲ್ವಾ?

2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಿತಿಯ ಹೊಸ ನಿಯಮ) ಡೀಸೆಲ್ ಗಾಡಿಗಳಿಗೆ ಡಿಪಿಎಫ್ ಇದೆ. ಹೊಗೆಯ ಮಸಿ ಹಿಡಿಯುವ ಜಾಲರಿ. ಆ ಮಸಿ ಸುಟ್ಟು ಹೋಗಬೇಕಾದರೆ ಸೈಲೆನ್ಸರ್ ಕಡೆ ಬಿಸಿ ಏರಬೇಕು, ಅದಕ್ಕೆ ಗಾಡಿ ಒಂದೇ ಸಮನೆ ಸ್ವಲ್ಪ ಹೊತ್ತು ಓಡಬೇಕು. ಹೊರವರ್ತುಲ ರಸ್ತೆಯಲ್ಲಿ ಫಸ್ಟ್ ಗೇರು, ಬ್ರೇಕು, ಮತ್ತೆ ಫಸ್ಟ್ ಗೇರು. ಮಸಿ ಕೂರ್ತಾ ಹೋಗುತ್ತೆ, ಒಂದು ದಿನ ಡ್ಯಾಶ್‌ಬೋರ್ಡ್‌ನಲ್ಲಿ ಲೈಟ್ ಹತ್ತುತ್ತೆ. ನನ್ನ ಹಳೇ ಗಾಡಿಗೆ ಇದೇ ಆಯ್ತು. ಯಾವ ಕಂಪನಿ ಅಂತ ಕೇಳಬೇಡಿ, ಅದು ಕಂಪನಿ ತಪ್ಪಲ್ಲ, ನಮ್ಮ ರಸ್ತೆಯ ತಪ್ಪು.

ಡೀಸೆಲ್ ಗುರು:
ಲೈಟ್ ಹತ್ತಿದರೆ ಏನಂತೆ? ರಾತ್ರಿ ಊಟ ಆದ ಮೇಲೆ ನೈಸ್ ರಸ್ತೆಗೆ ಬಿಡಿ. ಕನಕಪುರ ರಸ್ತೆ ಕಡೆ ಹತ್ತಿ ತುಮಕೂರು ರಸ್ತೆ ತನಕ ಒಂದೇ ಸ್ಪೀಡಲ್ಲಿ ಹೋಗಿ ಬನ್ನಿ. ಲೈಟ್ ಆರುತ್ತೆ. ಜೆ.ಪಿ. ನಗರದವರಿಗೆ ನೈಸ್ ರಸ್ತೆ ದೂರನೂ ಅಲ್ಲ.

ಹೊರವರ್ತುಲ:
ಅಂದ್ರೆ ಟೋಲ್ ಕಟ್ಟಿ ಗಾಡಿನ ನಾಯಿ ಥರ ವಾಕಿಂಗ್‌ಗೆ ಕರ್ಕೊಂಡು ಹೋಗಬೇಕು. ಚೆನ್ನಾಗಿದೆ.

ದುಡ್ಡಿನ ಲೆಕ್ಕನೂ ನೋಡೋಣ. ವರ್ಷಕ್ಕೆ 10,000 ಕಿಮೀ ಅಂತ ಇಟ್ಟುಕೊಳ್ಳಿ. ಊರೊಳಗೆ, ಹೈವೇ ಸೇರಿ ಪೆಟ್ರೋಲ್ ಗಾಡಿ ಲೀಟರಿಗೆ 11 ಕಿಮೀ ಕೊಟ್ಟರೆ, ಲೀಟರಿಗೆ 103 ರೂಪಾಯಿಯಂತೆ ಸುಮಾರು 94,000. ಡೀಸೆಲ್ 14 ಕೊಟ್ಟರೆ, 91 ರೂಪಾಯಿಯಂತೆ 65,000. ಉಳಿಯುವುದು 29,000ದ ಆಸುಪಾಸು. ಗಾಡಿ ಕೊಳ್ಳುವಾಗ ಒಂದೂವರೆ ಲಕ್ಷ ಜಾಸ್ತಿ ಕೊಟ್ಟಿದ್ದರೆ ಅದು ವಾಪಸ್ ಬರುವ ಹೊತ್ತಿಗೆ ಐದು ವರ್ಷ ಕಳೆದಿರುತ್ತೆ. ತಿಂಗಳಿಗೆ ಎರಡು ಸಲ ಊರಿಗೆ ಹೋಗೋರಾಗಿದ್ದರೆ ನಾನೂ ಡೀಸೆಲ್ ಅಂತಿದ್ದೆ.

ಯಲಹಂಕದ ಅಕ್ಕ:
ನಮ್ಮದು ಹೈರೈಡರ್, ಸ್ಟ್ರಾಂಗ್ ಹೈಬ್ರಿಡ್. ಪಕ್ಕದ ಬಿಡದಿಯಲ್ಲೇ ತಯಾರಾಗುವ ಗಾಡಿ. ಗ್ರ್ಯಾಂಡ್ ವಿಟಾರಾನೂ ಅಲ್ಲೇ ಹುಟ್ಟಿದ್ದು, ಎರಡಕ್ಕೂ ಒಳಗಿನ ಯಂತ್ರ ಒಂದೇ.

ಕಂಪನಿ ಹೇಳುವುದು ಲೀಟರಿಗೆ 27.97. ಅಷ್ಟು ನನಗೆ ಸಿಕ್ಕಿಲ್ಲ, ಸಿಗುತ್ತೆ ಅಂತ ಅಂದುಕೊಂಡೂ ಇರಲಿಲ್ಲ. ಊರೊಳಗೆ 20ರ ಹತ್ತಿರ ಬರುತ್ತೆ. ವಿಚಿತ್ರ ಏನಂದ್ರೆ ಟ್ರಾಫಿಕ್ ಜಾಸ್ತಿ ಇದ್ದ ದಿನವೇ ಮೈಲೇಜ್ ಚೆನ್ನಾಗಿರುತ್ತೆ. ಹೆಬ್ಬಾಳದ ಹತ್ತಿರ ತೆವಳುವಾಗ ಇಂಜಿನ್ ಆಫ್ ಆಗಿ ಬ್ಯಾಟರಿಯಲ್ಲೇ ಹೋಗ್ತಿರುತ್ತೆ, ಬ್ರೇಕ್ ಒತ್ತಿದಾಗ ಮತ್ತೆ ಚಾರ್ಜ್. ಎಸಿ ಕಂಪ್ರೆಸರ್ ಕರೆಂಟಿನದು, ಹಾಗಾಗಿ ಇಂಜಿನ್ ನಿಂತರೂ ತಂಪು ನಿಲ್ಲಲ್ಲ. ಒಂದು ಎಚ್ಚರಿಕೆ. ಇದೇ ಗಾಡಿಯಲ್ಲಿ ಮೈಲ್ಡ್ ಹೈಬ್ರಿಡ್ ಅಂತ ಇನ್ನೊಂದಿದೆ, ಅದು ಬೇರೆ, ಬರೀ ಬ್ಯಾಟರಿಯಲ್ಲಿ ಓಡಲ್ಲ. ಹೆಸರು ಕೇಳಿ ಮೋಸ ಹೋಗಬೇಡಿ.

ಬ್ಯಾಟರಿ ಗತಿ ಏನು ಅಂತ ಎಲ್ಲರೂ ಕೇಳ್ತಾರೆ. ಅದಕ್ಕೆ 8 ವರ್ಷ ಅಥವಾ 1,60,000 ಕಿಮೀ ವಾರಂಟಿ ಇದೆ.

ಡೀಸೆಲ್ ಗುರು:
ಅಕ್ಕ, ಡಿಕ್ಕಿ ವಿಷಯ ಹೇಳಲೇ ಇಲ್ಲವಲ್ಲ!

ಯಲಹಂಕದ ಅಕ್ಕ:
ಹೇಳ್ತೀನಿ ಇರಿ. ಬ್ಯಾಟರಿ ಡಿಕ್ಕಿ ಕೆಳಗೆ ಕೂತಿದೆ, ಹಾಗಾಗಿ ನೆಲ ಎತ್ತರ. ದೊಡ್ಡ ಸೂಟ್‌ಕೇಸ್ ನಿಲ್ಲಿಸೋಕೆ ಆಗಲ್ಲ, ಮಲಗಿಸಬೇಕು. ಅದರ ಮೇಲೆ ಎರಡು ಬ್ಯಾಗು, ಸಂದಿಯಲ್ಲಿ ಹಪ್ಪಳದ ಡಬ್ಬ. ಊರಿಂದ ಬರುವಾಗ ಒಂದು ಅಕ್ಕಿ ಚೀಲ, ತೆಂಗಿನಕಾಯಿ ಮೂಟೆ, ಹಲಸಿನಹಣ್ಣು ಅಂತ ಶುರುವಾದರೆ ಕಷ್ಟ. ನಮ್ಮ ಯಜಮಾನರು ಮೇಲೆ ಕ್ಯಾರಿಯರ್ ಹಾಕಿಸೋಣ ಅಂದ್ರು. ನಾನು ಬೇಡ ಅಂದೆ. ಕೊರಿಯರ್‌ನಲ್ಲಿ ತರಿಸಿದರಾಯ್ತು. ಡಿಕ್ಕಿಯೇ ಮುಖ್ಯ ಅನ್ನೋರು ಎಲಿವೇಟ್ ನೋಡಿ, 458 ಲೀಟರ್ ಇದೆ.

ಬನಶಂಕರಿ ರಾಯರು:
ನೀವೆಲ್ಲ ಇಂಜಿನ್ ಬಗ್ಗೆನೇ ಹೊಡೆದಾಡ್ತಿದ್ದೀರಿ. ಅವರು ಮೊದಲು ಹೇಳಿದ್ದು ಅಪ್ಪ, ಅಮ್ಮ. ನನಗೆ ಅರವತ್ತೆಂಟು, ಮೊಣಕಾಲು ನೋವು. ಹಿಂದಿನ ಸೀಟಲ್ಲಿ ಕೂರುವವನ ಮಾತೂ ಒಂಚೂರು ಕೇಳಿ.

ಸೀಟಿನ ಎತ್ತರ ಸೊಂಟದ ಮಟ್ಟಕ್ಕಿರಬೇಕು. ಕೆಳಗಿದ್ದರೆ ಕುಸಿದು ಕೂರಬೇಕು, ಏಳುವಾಗ ಯಾರಾದರೂ ಕೈ ಹಿಡಿಯಬೇಕು. ತೀರಾ ಮೇಲಿದ್ದರೆ ಹತ್ತಬೇಕು. ಈ ಅಳತೆಯ ಗಾಡಿಗಳು ಹೆಚ್ಚು ಕಡಿಮೆ ಆ ಮಟ್ಟಕ್ಕೇ ಇವೆ, ಮುದುಕರಿಗೆ ಅದೇ ದೊಡ್ಡ ಉಪಕಾರ. ಆದರೆ ಬಾಗಿಲ ಕೆಳಗಿನ ಅಂಚು ನೋಡಿ. ಅದು ಅಗಲವಾಗಿದ್ದರೆ ಇಳಿಯುವಾಗ ಕಾಲು ದೂರಕ್ಕೆ ಚಾಚಬೇಕು. ನಮ್ಮ ಮನೆಯವಳು ಸೀರೆ ಉಡ್ತಾಳೆ. ಮೊದಲು ಪೃಷ್ಠ ಊರಿ ಕೂತು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಿರುಗಿಸಿಕೊಳ್ತಾಳೆ, ಒಂದು ಕೈಯಲ್ಲಿ ನೆರಿಗೆ, ಇನ್ನೊಂದು ಕೈ ಮೇಲಿನ ಹಿಡಿಗೆ. ಮಳೆಗಾಲದಲ್ಲಿ ಆ ಅಂಚಿನ ಕೆಸರೆಲ್ಲ ಸೀರೆಗೆ. ಬಾಗಿಲು ಎಷ್ಟು ಅಗಲಕ್ಕೆ ತೆರೆಯುತ್ತೆ ಅನ್ನುವುದನ್ನೂ ನೋಡಿ. ಶೋರೂಮಿನಲ್ಲಿ ಪೂರ್ತಿ ತೆರೆಯುತ್ತೆ. ನಿಮ್ಮ ಅಪಾರ್ಟ್‌ಮೆಂಟಿನ ಎರಡು ಪಿಲ್ಲರ್ ಮಧ್ಯೆ ಎಷ್ಟು ತೆರೆಯುತ್ತೆ?

ಮೂರು ಜನ ಹಿಂದೆ ಕೂತರೆ ನಡುವಿನವರಿಗೆ ಸೀಟು ಗಟ್ಟಿ, ಕಾಲ ಕೆಳಗೆ ದಿಬ್ಬ. ಮಗಳನ್ನು ಅಲ್ಲಿ ಕೂರಿಸ್ತೀರಿ ಅಂತ ಗೊತ್ತು. ನೀವು ನೋಡುವ ವೇರಿಯಂಟ್‌ನಲ್ಲಿ ಆ ನಡು ಸೀಟಿಗೂ ಭುಜದ ಮೇಲೆ ಬರುವ ಬೆಲ್ಟ್ ಇದೆಯಾ, ತಲೆ ಒರಗಿಸೋಕೆ ದಿಂಬಿದೆಯಾ ನೋಡಿ. ಸನ್‌ರೂಫ್‌ಗೆ ಕೊಡುವ ದುಡ್ಡಲ್ಲಿ ಇದನ್ನು ತಗೊಳ್ಳಿ. ಏಪ್ರಿಲ್ ಬಿಸಿಲಿಗೆ ಆ ಗಾಜು ತೆರೆದು ಯಾರಾದರೂ ಕೂರ್ತಾರಾ?

ಕುಶಾಕ್ ಹುಡುಗ:
ಬೆಲ್ಟ್ ಮಾತು ಬಂತಲ್ಲ, ಒಂದು ಸೇರಿಸ್ತೀನಿ. 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ (ಗಾಡಿ ಗುದ್ದಿಸಿ ಸುರಕ್ಷತೆ ಅಳೆಯುವ ಸಂಸ್ಥೆ) ಹೊಸ ನಿಯಮದಲ್ಲಿ ಪರೀಕ್ಷೆ ಮಾಡಿದಾಗ ಕುಶಾಕ್, ಅದರ ಜೋಡಿ ಗಾಡಿ ಟೈಗುನ್ ಎರಡಕ್ಕೂ ದೊಡ್ಡವರಿಗೂ ಮಕ್ಕಳಿಗೂ ಐದೈದು ಸ್ಟಾರ್ ಬಂದಿತ್ತು. ಹಿಂದಿನ ಸೀಟಲ್ಲಿ ಮೂರು ಜನಕ್ಕೆ ಇಕ್ಕಟ್ಟು, ಅದನ್ನು ಒಪ್ಪುತ್ತೇನೆ. ಅಪ್ಪ ಅಮ್ಮ ಮಗಳು ಮೂವರೂ ಹಿಂದೆ ಅಂದ್ರೆ ನಾನೇ ಇದನ್ನು ತಗೊಳ್ಳಿ ಅನ್ನಲ್ಲ.

ಹೊರವರ್ತುಲ:
ಟರ್ಬೋ ಪೆಟ್ರೋಲ್ ಆಟೋಮ್ಯಾಟಿಕ್ ಕಡೆ ಮನಸ್ಸು ಹೋಗಿದ್ದರೆ ಇದನ್ನೂ ಓದಿ. ಅವುಗಳಲ್ಲಿ ಹಲವಕ್ಕೆ ಡ್ಯುಯಲ್ ಕ್ಲಚ್ (ಎರಡು ಕ್ಲಚ್‌ನ) ಗೇರ್‌ಬಾಕ್ಸ್ ಇರುತ್ತೆ. ಅದರಲ್ಲಿ ಒಣ ಕ್ಲಚ್ ಇರುವವು ತೆವಳುವ ಟ್ರಾಫಿಕ್‌ನಲ್ಲಿ ಬಿಸಿಯಾಗ್ತವೆ, ಯಾಕಂದ್ರೆ ಕ್ಲಚ್ ಅರ್ಧ ಹಿಡಿದೇ ಇರುತ್ತೆ, ಆ ಬಿಸಿ ಇಳಿಸೋಕೆ ಸುತ್ತ ಎಣ್ಣೆ ಇಲ್ಲ. ನನ್ನ ಸ್ನೇಹಿತನ ಗಾಡಿ ಒಮ್ಮೆ ಫ್ಲೈಓವರ್ ಏರಿನಲ್ಲೇ ಬಿಸಿ ಅಂತ ಬರೆದು ತೋರಿಸ್ತು. ಅವನ ಅಭ್ಯಾಸ ಏನಂದ್ರೆ ಒಂದೊಂದು ಅಡಿ ಜಾಗ ಸಿಕ್ಕರೂ ಬ್ರೇಕ್ ಬಿಟ್ಟು ಮುಂದೆ ತಳ್ಳೋದು. ಮುಂದಿನ ಗಾಡಿ ಸ್ವಲ್ಪ ದೂರ ಹೋಗಲಿ ಅಂತ ಬಿಟ್ಟು, ಒಮ್ಮೆಗೇ ಹೊರಟರೆ ಕ್ಲಚ್ ಪೂರ್ತಿ ಹಿಡಿಯುತ್ತೆ. ಆದರೆ ಬೆಂಗಳೂರಲ್ಲಿ ಅಷ್ಟು ಜಾಗ ಬಿಟ್ಟರೆ ಆಟೋ ನುಗ್ಗುತ್ತೆ, ಅದು ಬೇರೆ ಕಥೆ.

ಕುಶಾಕ್ ಹುಡುಗ:
ಆಟೋ ಅಲ್ಲ ಸಾರ್, ಎರಡು ಸ್ಕೂಟರ್, ಒಂದು ಆಟೋ.

ನಾಗರಭಾವಿ ಗ್ಯಾರೇಜ್:
ಇಲ್ಲಿ ಯಾರೂ ಇಲಿ ಬಗ್ಗೆ ಹೇಳ್ಲಿಲ್ಲ. ಬೇಸ್‌ಮೆಂಟಿನಲ್ಲಿ ಎರಡು ಮೂರು ದಿನ ನಿಂತ ಗಾಡಿಯ ವೈರು ಕಡಿದುಕೊಂಡು ಬರೋರೇ ನಮ್ಮಲ್ಲಿ ಜಾಸ್ತಿ. ವಾರಕ್ಕೆ ಮೂರೇ ದಿನ ಆಫೀಸ್ ಅಂದ್ರಿ, ಉಳಿದ ದಿನ ಬಾನೆಟ್ ಒಂದು ಸಲ ಎತ್ತಿ ನೋಡಿ.

ಇನ್ನೊಂದು, ಮಳೆ. ಅಂಡರ್‌ಪಾಸಿನಲ್ಲಿ ನೀರು ನಿಂತಿದ್ದರೆ ಎಸ್‌ಯುವಿ ಅಂತ ಧೈರ್ಯ ಮಾಡಬೇಡಿ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಿನ ನೀರಲ್ಲಿ ಕಾರು ಸಿಕ್ಕಿ ಒಬ್ಬ ಯುವತಿ ತೀರಿಕೊಂಡಿದ್ದು ಎಲ್ಲರಿಗೂ ಗೊತ್ತು. ನೀರಲ್ಲಿ ಇಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರ್ ಒಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಸಾದಾ ಇನ್ಶೂರೆನ್ಸ್‌ನಲ್ಲಿ ಆ ಖರ್ಚು ಸಾಮಾನ್ಯವಾಗಿ ಬರಲ್ಲ, ಇಂಜಿನ್ ಪ್ರೊಟೆಕ್ಟ್ ಅಂತ ಬೇರೆ ಹಾಕಿಸಬೇಕು.

ಸಾಗರದ ಹಾದಿ:
ರಾಯರೇ, ಪಿಲ್ಲರ್ ಮಾತು ಓದಿ ಕೆಳಗೆ ಹೋಗಿ ಟೇಪ್ ಹಿಡಿದು ಬಂದೆ. ಈ ಗಾಡಿಗಳು 1.8 ಮೀಟರ್ ಹತ್ತಿರ ಅಗಲ. ನಮ್ಮ ಜಾಗದಲ್ಲಿ ಒಂದು ಕಡೆ ಬಾಗಿಲು ಮಾತ್ರ ಸರಿಯಾಗಿ ತೆರೆಯುತ್ತೆ. ಅಪ್ಪ ಅಮ್ಮನನ್ನು ಲಿಫ್ಟ್ ಹತ್ತಿರವೇ ಹತ್ತಿಸಿಕೊಳ್ಳಬೇಕು. ಆನ್‌ರೋಡ್ ಬೆಲೆ ಕೇಳಿ ಇನ್ನೂ ಗಾಬರಿ.

ಹೊರವರ್ತುಲ:
ಗಾಬರಿ ಆಗೋದು ಸಹಜ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಗಾಡಿಗಳ ಜಿಎಸ್‌ಟಿ 40% ಆಗಿ, ಮೇಲಿನ ಸೆಸ್ ಹೋಯ್ತು, ಸ್ವಲ್ಪ ಇಳೀತು. ಆದರೆ ನಮ್ಮ ರಾಜ್ಯದ ರಸ್ತೆ ತೆರಿಗೆ ಹಾಗೇ ಇದೆ. 10 ಲಕ್ಷದಿಂದ 20 ಲಕ್ಷದ ಗಾಡಿಗೆ 17%, ಆ ತೆರಿಗೆಯ ಮೇಲೆ ರಾಜ್ಯದ್ದೇ ಬೇರೆ ಸೆಸ್. ಅಷ್ಟು ಕಟ್ಟಿ ಸಿಗುವ ರಸ್ತೆ ಯಾವುದು ಅಂತ ನೋಡ್ತಾನೇ ಇದ್ದೀವಿ.

ಸಾಗರದ ಹಾದಿ:
ಡೀಸೆಲ್ ಕೈಬಿಟ್ಟೆ. ಹೈರೈಡರ್ ಹೈಬ್ರಿಡ್, ಎಲಿವೇಟ್ ಸಿವಿಟಿ (ಪೆಟ್ರೋಲ್ ಆಟೋಮ್ಯಾಟಿಕ್) ಎರಡೇ ಉಳಿದಿವೆ. ಶನಿವಾರ ಅಮ್ಮನ ಜೊತೆ ಎರಡೂ ಕಡೆ ಹೋಗ್ತೀನಿ, ಎರಡು ದೊಡ್ಡ ಸೂಟ್‌ಕೇಸ್‌ನೂ ತಗೊಂಡು. ಶೋರೂಮಿನವರು ಏನಂದುಕೊಂಡರೂ ಸರಿ. ಗುರುಗಳೇ, ಬೈಯಬೇಡಿ.

ಡೀಸೆಲ್ ಗುರು:
ಬೈಯಲ್ಲ ಸಾರ್. ಎಲಿವೇಟ್‌ನ 220 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ನಮ್ಮ ಹಂಪುಗಳಿಗೆ ಒಳ್ಳೇದೇ. ಆದರೆ ಯಾವುದು ತಗೊಂಡರೂ ಒಂದು ಸಲ ಐದು ಜನ ಕೂತು ಹೊನ್ನಾವರದಿಂದ ಸಾಗರಕ್ಕೆ ಘಾಟಿ ಹತ್ತಿ. ಇಂಜಿನ್ ಸದ್ದು ಹೇಗಿತ್ತು ಅಂತ ಇಲ್ಲೇ ಬಂದು ಬರೀಬೇಕು, ಪ್ರಾಮಾಣಿಕವಾಗಿ.