ಧ್ವನಿ ಕೊಡುವ ಮೊದಲು ಫ್ಯಾನ್ ಆಫ್ ಮಾಡಿ

ಮಂಗಳೂರಿನ ಹಂಪನಕಟ್ಟೆಯ ಹೋಟೆಲಿನ ಮೂಲೆ ಮೇಜು. ಹೊರಗೆ ಆಟಿಯ ಮಳೆ, ಒಳಗೆ ಐದು ಚಾ, ಎರಡು ಪ್ಲೇಟು ಗೋಳಿಬಜೆ, ನಡುವೆ ಒಂದು ಹಾಳೆ. ಹಾಳೆಯಲ್ಲಿ ಮಾಷ್ಟ್ರು ಚಂದದ ಕೈಬರಹದಲ್ಲಿ ಹೊಸ ಸಂಘದ ಉದ್ದೇಶ ಬರೆದಿದ್ದರು: "ಕರಾವಳಿಯ ವೈವಿಧ್ಯಮಯ ಧ್ವನಿಗಳಿಗೆ ಕಿರುಚಿತ್ರಗಳ ಮೂಲಕ ವೇದಿಕೆ ಕಲ್ಪಿಸುವುದು."

ಡಿಸೋಜರು ಓದಿ, ಹಾಳೆಯನ್ನು ಕವುಚಿ ಹಾಕಿದರು. "ವೇದಿಕೆ ಮತ್ತೆ ಮಾಷ್ಟ್ರೇ. ಮೊದಲು ಧ್ವನಿ ಕೇಳ್ಬೇಕಲ್ಲ? ಊರಿನವರು ತೆಗೆದ ಕಿರುಚಿತ್ರ ನೋಡಿ. ಅಜ್ಜಿ ಬಾಯಿ ಆಡಿಸ್ತಾರೆ, ಕೇಳುದು ಸೀಲಿಂಗ್ ಫ್ಯಾನು."

"ನಾನು ಹೇಳಿದ ಧ್ವನಿ ಅದಲ್ಲ ಮಾರಾಯ್ರೆ. ಅದು ಸಾಂಕೇತಿಕ."

"ಸಾಂಕೇತಿಕ ಧ್ವನಿಗೆ ಮೈಕ್ ಸಿಕ್ಕಿಸುದು ಎಲ್ಲಿಗೆ?"

ಶೆಟ್ರಿಗೆ ಈ ಜಗಳದಲ್ಲಿ ಆಸಕ್ತಿ ಇಲ್ಲ. ಯಾರೂ ನೇಮಿಸದಿದ್ದರೂ ಅವರು ಆಗಲೇ ಖಜಾಂಚಿ. "ಧ್ವನಿ ಯಾವುದೂ ಇರ್ಲಿ, ರುಜು ಏಳು ಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960. ಇಲ್ಲಿ ಕೂತದ್ದು ಐದೇ ಜನ."

"ಉಳಿದ ಇಬ್ಬರು?"

"ಇನ್ನೊಂದು ಪ್ಲೇಟು ಗೋಳಿಬಜೆ ಹೇಳಿ, ತನ್ನಿಂತಾನೇ ಬರ್ತಾರೆ."

ಆಮೇಲೆ ಶೆಟ್ರು ಬೈಲಾ, ವರ್ಷಕ್ಕೊಂದು ಮಹಾಸಭೆ, ಲೆಕ್ಕಪರಿಶೋಧಕರ ರುಜು ಎಲ್ಲ ಒಂದೇ ಉಸಿರಿನಲ್ಲಿ ಮುಗಿಸಿ ತಮ್ಮ ಪ್ರೀತಿಯ ವಿಷಯಕ್ಕೆ ಬಂದರು. "ದುಡ್ಡು ದುಬಾಯಿಯಿಂದ ಬರ್ತದೆ ಅಂತ ಎಲ್ಲರೂ ಲೆಕ್ಕ ಹಾಕಿದ್ದೀರಿ, ಅಲ್ವಾ? ಕೇಳಿ. ದುಬಾಯಿಯಲ್ಲಿರುವವನ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡ ನಿಮ್ಮ ಭಾವ ಕಳಿಸಿದ್ರೆ ಅದು ವಿದೇಶಿ. ಎಫ್‌ಸಿಆರ್‌ಎ ಎನ್ನುವ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಇಲ್ಲದೆ ಒಂದು ರೂಪಾಯಿ ಮುಟ್ಟಲಿಕ್ಕಿಲ್ಲ."

"ಭಾವ ನಮ್ಮವನೇ ಅಲ್ವಾ?" ಎಂದರು ಮಾಷ್ಟ್ರು.

"ಊಟಕ್ಕೆ ಕೂತಾಗ ನಮ್ಮವ. ಬ್ಯಾಂಕಿನಲ್ಲಿ ವಿದೇಶಿ ಮೂಲ. ಮತ್ತೆ ಸಂಘಕ್ಕೆ ದೇಣಿಗೆಯ ತೆರಿಗೆ ರಿಯಾಯಿತಿಯ ಮಾನ್ಯತೆ ಸಿಕ್ಕಿದ ಮೇಲೂ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟವರಿಗೆ ತೆರಿಗೆ ವಿನಾಯಿತಿ ಇಲ್ಲ. ಚೆಕ್ ತೆಗೊಳ್ಳಿ."

ಇಷ್ಟು ಹೊತ್ತು ಫೋನ್ ನೋಡುತ್ತಿದ್ದ, ಸಂಘದ ಕ್ಯಾಮರಾದ ಹುಡುಗ ಮಾಣಿ ತಲೆ ಎತ್ತಿದ. ಅವನ ಪ್ರಕಾರ ಸಂಘಕ್ಕೆ ಮೊದಲು ಬೇಕಾದದ್ದು ಡ್ರೋನು. ಪಣಂಬೂರಿನಲ್ಲಿ ಬಂದರು, ಬಜಪೆಯಲ್ಲಿ ವಿಮಾನ ನಿಲ್ದಾಣ. ಡ್ರೋನು ಎಲ್ಲಿ ಹಾರಿಸಬಹುದು ಎಂದು ತೋರಿಸುವ ಡಿಜಿಟಲ್ ಸ್ಕೈ ನಕ್ಷೆ ತೆರೆದು ಕೆಂಪು, ಹಳದಿ, ಹಸಿರು ನೋಡದೆ ಹಾರಿಸಿದರೆ ಸಿನೆಮಾ ಠಾಣೆಯಲ್ಲಿ ಬಿಡುಗಡೆಯಾಗುತ್ತದೆ ಎಂದು ಶೆಟ್ರು ಅಲ್ಲಿಗೇ ನಿಲ್ಲಿಸಿದರು. ಬಾವಿಕಟ್ಟೆಯ ಹತ್ತಿರ ನಿಂತು ಮಾತಾಡುವ ಹೆಂಗಸಿನ ಕಥೆಗೆ ಗರುಡನ ಕಣ್ಣು ಯಾಕೆ ಎನ್ನುವ ಪ್ರಶ್ನೆಗೆ ಮಾಣಿಯ ಹತ್ತಿರವೂ ಉತ್ತರ ಇರಲಿಲ್ಲ.

"ಹಾಗಾದ್ರೆ ಹೆಚ್ಚು ಸ್ಪಷ್ಟ ಕಾಣುವ ಫೋರ್ ಕೆ ವಿಡಿಯೋ ಆದ್ರೂ?"

"ಐಫೋನಿನಲ್ಲಿ ಫೋರ್ ಕೆ, ಸೆಕೆಂಡಿಗೆ 30 ಫ್ರೇಮ್ ಅಂದ್ರೆ ನಿಮಿಷಕ್ಕೆ ಸುಮಾರು 170 ಎಂಬಿ, ಫುಲ್ ಎಚ್‌ಡಿ ಆದ್ರೆ 60," ಎಂದರು ಅಕ್ಕ. ಎಡಿಟಿಂಗ್ ಅವರದು, ಉಳಿದವರು ಮಾತಿನಲ್ಲಿ ತೆಗೆದ ಸಿನೆಮಾವನ್ನೆಲ್ಲ ಕೊನೆಗೆ ಕತ್ತರಿಸಬೇಕಾದವರು. "ಐದು ನಿಮಿಷದ ಚಿತ್ರಕ್ಕೆ ಹತ್ತು ಪಟ್ಟು ತೆಗೆದ್ರೂ 50 ನಿಮಿಷ. ಎಚ್‌ಡಿಯಲ್ಲಿ 3 ಜಿಬಿ, ಫೋರ್ ಕೆಯಲ್ಲಿ ಎಂಟೂವರೆ. ನಮ್ಮ ಸಂಘದಲ್ಲಿ ಸಿನೆಮಾ ಕಲಿಯಲಿಕ್ಕೆ ಬರುವ ಹನ್ನೆರಡು ಜನರಲ್ಲಿ ಎಷ್ಟು ಜನರ ಫೋನಿನಲ್ಲಿ ಅಷ್ಟು ಜಾಗ ಉಂಟು? ಅರ್ಧ ಫೋನು ಗುಡ್ ಮಾರ್ನಿಂಗ್ ಮೆಸೇಜಿನಲ್ಲೇ ತುಂಬಿರ್ತದೆ. ಎಚ್‌ಡಿ ಸಾಕು. ಆದರೆ ಫೋನ್ ತನ್ನಷ್ಟಕ್ಕೆ ಇಟ್ಟುಕೊಳ್ಳುವ 30 ಫ್ರೇಮ್ ಬೇಡ. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿಣುಕ್ತದೆ. ಶಟರ್ ಸೆಕೆಂಡಿನ 1/60 ಇದ್ರೆ ಗೋಡೆ ಮೇಲೆ ಪಟ್ಟೆ ಪಟ್ಟೆ ಓಡ್ತದೆ. 25 ಫ್ರೇಮ್, ಶಟರ್ 1/50, ಎರಡನ್ನೂ ಲಾಕ್ ಮಾಡಿ."

"ಮತ್ತೆ ಫೋನಿನ ಫ್ರೇಮ್ ರೇಟಿಗೆ ನಿಯತ್ತಿಲ್ಲ," ಡಿಸೋಜರು ಸೇರಿಸಿದರು. "ಒಮ್ಮೆ ಏರ್ತದೆ, ಒಮ್ಮೆ ಇಳಿತದೆ. ಬೇರೆ ರೆಕಾರ್ಡರಿನ ಧ್ವನಿ ಜೋಡಿಸಿದ್ರೆ, ಶುರುವಿಗೆ ಸರಿ ಇರ್ತದೆ, ಹತ್ತು ನಿಮಿಷ ಆಗುವಾಗ ಬಾಯಿ ಮುಂದೆ, ಮಾತು ಹಿಂದೆ. ಅದಕ್ಕೆ ಎಡಿಟಿಗೆ ಹಾಕುವ ಮೊದಲು ಹ್ಯಾಂಡ್‌ಬ್ರೇಕ್ ಹಾಕಿ ಒಂದೇ ಲೆಕ್ಕಕ್ಕೆ ತರಬೇಕು."

"ಹ್ಯಾಂಡ್‌ಬ್ರೇಕಾ? ಯಾರ ಕಾರಿನದ್ದು?" ಶೆಟ್ರಿಗೆ ಖರ್ಚಿನ ವಾಸನೆ ಬಡಿಯಿತು.

"ಸಾಫ್ಟ್‌ವೇರ್ ಶೆಟ್ರೇ. ಪುಕ್ಕಟೆ."

ಪುಕ್ಕಟೆ ಎಂದದ್ದೇ ಶೆಟ್ರು ಡೈರಿಯಲ್ಲಿ ಬರೆದುಕೊಂಡರು.

ಇನ್ನು ಡಿಸೋಜರನ್ನು ಹಿಡಿಯುವವರಿಲ್ಲ. ಮಾಷ್ಟ್ರ ಹಾಳೆಯ ಹಿಂಬದಿಯಲ್ಲೇ ಮನುಷ್ಯನ ಚಿತ್ರ ಬಿಡಿಸಿ, ಗಲ್ಲದಿಂದ ಒಂದು ಗೇಣು ಕೆಳಗೆ ಚುಕ್ಕೆ ಇಟ್ಟರು. "ಕಾಲರ್ ಮೈಕ್ ಇಲ್ಲಿ. ಹತ್ತಿರ ಇಟ್ರೆ ಗಂಟಲು ಮಾತ್ರ ಕೇಳ್ತದೆ, ಕೆಳಗೆ ಇಟ್ರೆ ಹೊಟ್ಟೆ. ಹೆಂಗಸರಾದ್ರೆ ಕರಿಮಣಿ ನೋಡಿ. ಒಂದೊಂದು ಉಸಿರಿಗೂ ಮೈಕಿಗೆ ಟಕ್ ಟಕ್ ಬಡಿತದೆ, ಎಡಿಟಿನಲ್ಲಿ ತೆಗೆಯಲಿಕ್ಕೆ ಆಗುದಿಲ್ಲ. ತೆಗೆದಿಡಿ ಅಂತ ಹೇಳ್ಬಾರ್ದು, ಸೆರಗಿನ ಒಳಗೆ ಟೇಪು ಹಾಕಿ ನಿಲ್ಲಿಸ್ಬೇಕು. ಅವರಿಗೆ ಅವರೇ ಹಾಕಿಕೊಳ್ಳುವ ಹಾಗೆ ತೋರಿಸಿ ಕೊಡುದು, ನಾವು ಕೈ ಹಾಕುದಲ್ಲ. ಮಳೆಗಾಲದ ಪಾಲಿಯೆಸ್ಟರ್ ಸೀರೆ ಸರಬರ ಅಂತದೆ, ಹತ್ತಿ ಸೀರೆ ಉಟ್ಟು ಬನ್ನಿ ಅಂತ ಹಿಂದಿನ ದಿನವೇ ಹೇಳಿ."

"ಮತ್ತೆ ಫ್ಯಾನು," ಎಂದ ಮಾಣಿ.

"ಫ್ಯಾನ್ ಆಫ್. ಫ್ರಿಜ್ ಆಫ್. ಈ ಫ್ರಿಜ್ ಉಂಟಲ್ಲ, ನಾವು ಹೋಗುವಾಗ ಸುಮ್ಮನೆ ಇರ್ತದೆ, ಅಜ್ಜಿ ಅಳುವ ಹೊತ್ತಿಗೆ ಸರಿಯಾಗಿ ಗುರ್ ಅಂತದೆ."

"ಆಫ್ ಮಾಡಿ ಮರೆತು ಬಂದ್ರೆ? ಒಳಗೆ ಬಂಗುಡೆ ಇದ್ರೆ?" ಶೆಟ್ರು ಗಾಬರಿಯಾದರು. ದೇಣಿಗೆಯ ವಿಷಯದಲ್ಲಿ ಇಷ್ಟು ಗಾಬರಿ ಕಂಡಿರಲಿಲ್ಲ.

"ಅದಕ್ಕೆ ಉಪಾಯ ಉಂಟು. ಆಫ್ ಮಾಡುವಾಗ ನಿಮ್ಮ ಬೈಕಿನ ಕೀ ಫ್ರಿಜ್ಜಿನ ಒಳಗೆ ಇಡಿ. ಕೀ ಇಲ್ಲದೆ ಮನೆಗೆ ಹೋಗ್ಲಿಕ್ಕೆ ಆಗುದಿಲ್ಲ, ಕೀ ತೆಗೆಯುವಾಗ ಸ್ವಿಚ್ಚು ನೆನಪಾಗ್ತದೆ. ಬಂಗುಡೆಯೂ ಉಳಿತದೆ, ಸಂಘದ ಮರ್ಯಾದೆಯೂ ಉಳಿತದೆ."

ಮಲ್ಪೆ ಬೀಚಿನ ವಿಷಯಕ್ಕೆ ಬಂದಾಗ ಮಾಣಿಗೂ ಡಿಸೋಜರಿಗೂ ನಿಜವಾದ ಯುದ್ಧವಾಯಿತು. ಕಡಲು ಹಿನ್ನೆಲೆಯಲ್ಲಿ ಬೇಕು ಎಂದು ಕ್ಯಾಮರಾ. ಕಡಲು ಮಾತಾಡುವವರ ಎದುರಿಗೆ ಇರಬೇಕು ಎಂದು ಮೈಕು. ಒಂದೇ ದಿಕ್ಕಿನ ಧ್ವನಿ ಹಿಡಿಯುವ ಮೈಕಿಗೆ ಬೆನ್ನಿನ ಕಡೆ ಕಿವಿ ಕಡಿಮೆ. ಆದ್ದರಿಂದ ಮೈಕಿನ ಬೆನ್ನು ಕಡಲಿಗೆ, ಮಾತಾಡುವವರ ಮುಖವೂ ಕಡಲಿಗೆ. ಆಗ ಚಿತ್ರದಲ್ಲಿ ಕಾಣುವುದು ತೆಂಗಿನ ಮರ ಮತ್ತು ಐಸ್‌ಕ್ಯಾಂಡಿ ಗಾಡಿ. ಕೊನೆಗೆ ಕಾಲರ್ ಮೈಕ್‌ಗೆ ಗಾಳಿ ತಡೆಯುವ ರೋಮದ ಟೊಪ್ಪಿ ಹಾಕಿ, ಕಡಲಿನ ದೃಶ್ಯವನ್ನು ಬೇರೆಯಾಗಿ ತೆಗೆದು ಜೋಡಿಸುವುದು ಎಂದು ರಾಜಿಯಾಯಿತು. ರೆಕಾರ್ಡರು 48 ಕಿಲೋಹರ್ಟ್ಸ್, 24 ಬಿಟ್, ಗಟ್ಟಿ ಮಾತು ಮೈನಸ್ 12 ಡೆಸಿಬಲ್ ದಾಟಬಾರದು, ಫೋನು ಏರ್‌ಪ್ಲೇನ್ ಮೋಡ್. ತಗಡಿನ ಮಾಡಿನ ಕೆಳಗೆ ಮಳೆಯಲ್ಲಿ ರೆಕಾರ್ಡ್ ಮಾಡುವ ಧೈರ್ಯ ಯಾರಿಗೂ ಬೇಡ. ಎಸಿ ಕಾರಿನಿಂದ ಇಳಿಸಿದ ಕ್ಯಾಮರಾ ನಮ್ಮ ಸೆಕೆಗೆ ಕನ್ನಡಕದ ಹಾಗೆ ಮಂಜಾಗುತ್ತದೆ, ಚೀಲ ತೆರೆಯದೆ ಅರ್ಧ ಗಂಟೆ ಇಡಬೇಕು. ಮಳೆಗಾಲವಿಡೀ ಕಪಾಟಿನಲ್ಲಿಟ್ಟ ಲೆನ್ಸಿಗೆ ಬೂಸರು ಹಿಡಿಯುತ್ತದೆ. ಗಾಳಿ ಹೋಗದ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್.

"ಎಲ್ಲ ಸರಿ," ಎಂದರು ಅಕ್ಕ. "ಧ್ವನಿ ಕ್ಲೀನಾಗಿ ಬಂತು. ಅದನ್ನು ಕತ್ತರಿಸುದು ಯಾರು?"

"ನೀವೇ ಅಲ್ವಾ?"

"ಅಲ್ಲೇ ಲಗಾಡಿ ಹೋಗುದು. ನಮ್ಮ ಕರಾವಳಿಯ ಬುಡಕಟ್ಟಿನವರಾದ ಕೊರಗರ ಬಗ್ಗೆ ಹೊರಗಿನವರು ತೆಗೆದದ್ದು ಹೆಚ್ಚಾಗಿ ಡೋಲಿನಿಂದ ಶುರು, ಬುಟ್ಟಿಯಲ್ಲಿ ಮುಕ್ತಾಯ. ನಡುವೆ ಆ ಹುಡುಗಿ ಬಿ.ಎಡ್ ಮಾಡಿದ್ದು, ಬಾಡಿಗೆ ಮನೆ ಸಿಗದ್ದು ಹೇಳಿದ್ರೆ ಅದು ಎಡಿಟಿನಲ್ಲಿ ಹೋಗ್ತದೆ. ಯಾಕೆ? ಡೋಲು ಒಳ್ಳೆ ವಿಶುವಲ್. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯ ನಿಷೇಧದ ಕಾಯ್ದೆ ಬಂದದ್ದು 2000ದಲ್ಲಿ. ಎಡಿಟಿಂಗ್ ಟೇಬಲಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ."

ಮಾಷ್ಟ್ರು ಗೋಳಿಬಜೆ ಕೆಳಗಿಟ್ಟರು.

"ಹಾಗಾಗಿ ಒಪ್ಪಿಗೆ ಎರಡು ಸಲ," ಅಕ್ಕ ಬೆರಳು ಎಣಿಸಿದರು. "ತೆಗೆಯುವ ಮೊದಲು ಒಂದು, ಎಡಿಟ್ ಆದ ಮೇಲೆ ಒಂದು. ಫಾರ್ಮು ಅವರ ಭಾಷೆಯಲ್ಲಿ ಓದಿ ಹೇಳ್ಬೇಕು: ಎಲ್ಲಿ ತೋರಿಸ್ತೇವೆ, ಯಾರು ನೋಡ್ತಾರೆ, ಬೇಡ ಅಂತ ಯಾವಾಗ ಹೇಳ್ಬಹುದು. ಮಂಗಳಮುಖಿಯರಾದ್ರೆ ಯಾವ ಹೆಸರು ಹಾಕ್ಬೇಕು ಅಂತ ಅವರನ್ನೇ ಕೇಳಿ, ಆಧಾರ್ ಕಾರ್ಡನ್ನಲ್ಲ. ಕಚ್ಚಾ ಎಡಿಟ್ ತೋರಿಸುವಾಗ ಮನೆಯವರೆಲ್ಲ ಕೂತರೆ ಯಾರೂ ಬಾಯಿ ಬಿಡುದಿಲ್ಲ, ಒಬ್ಬರಿಗೇ ತೋರಿಸಿ. ಪೂರಾ ಎಡಿಟ್ ಮಾಡಿ, ಸಂಗೀತ ಹಾಕಿ, ಹೆಸರು ಹಾಕಿ ತೋರಿಸಿದ್ರೆ ಅವರಿಗೆ ಬೇಡ ಅನ್ನಲಿಕ್ಕೆ ದಾಕ್ಷಿಣ್ಯ. ಅರ್ಧ ಬೆಂದಾಗಲೇ ತೋರಿಸ್ಬೇಕು."

"ಹಕ್ಕು ಸಂಘದ್ದೇ ಅಲ್ವಾ?" ಶೆಟ್ರು ಕೇಳಿದರು.

"ಏನೂ ಬರೆಯದೆ ಬಿಟ್ರೆ ಹಾಗೇ ಆಗ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಿನೆಮಾದ ಕರ್ತೃ ಅಂದ್ರೆ ನಿರ್ಮಾಪಕ. ಅವರ ಬದುಕು, ಅವರ ಮಾತು, ಹಕ್ಕು ಖಜಾಂಚಿಯ ಕಪಾಟಿನಲ್ಲಿ, ಅದೂ ಬಿಡುಗಡೆಯಿಂದ 60 ವರ್ಷ. ಅದು ಬೇಡ. ಹಕ್ಕು ಚಿತ್ರ ಮಾಡಿದವರಿಗೆ, ಪ್ರದರ್ಶನದ ಅನುಮತಿ ಸಂಘಕ್ಕೆ ಅಂತ ಬರೆಯುದು. ಅನುಮತಿಯಲ್ಲೂ ಅವಧಿ, ಪ್ರದೇಶ ಎರಡನ್ನೂ ಹಾಕಿ. ಅವಧಿ ಹಾಕದಿದ್ರೆ ಕಾಯ್ದೆ ಐದು ವರ್ಷ ಅಂತ ಹಿಡಿತದೆ, ಪ್ರದೇಶ ಹಾಕದಿದ್ರೆ ಭಾರತ ಮಾತ್ರ. ವಿದೇಶದ ಚಿತ್ರೋತ್ಸವ ಕರೆದಾಗ ಮಂಡೆಬೆಚ್ಚ ಬೇಡ."

ಶೆಟ್ರು ಖಜಾಂಚಿ ಎಂಬ ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದುಕೊಂಡರು. ಹಿನ್ನೆಲೆಯಲ್ಲಿ ಎಲ್ಲೋ ಮೈಕಿನಲ್ಲಿ ಬರುವ ಸಿನೆಮಾ ಹಾಡಿಗೂ ಹಕ್ಕುದಾರರಿದ್ದಾರೆ, ಹಾಡು ನಿಲ್ಲುವವರೆಗೆ ಕಾಯಬೇಕು ಎಂದದ್ದನ್ನೂ ಬರೆದರು. ಈ ಊರಿನಲ್ಲಿ ಹಾಡು ನಿಲ್ಲುವವರೆಗೆ ಕಾಯುವುದೆಂದರೆ ಒಂದು ದಿನದ ಊಟದ ಖರ್ಚು ಹೆಚ್ಚು.

ಭಾಷೆಯ ಮಾತು ಬಂದಾಗ ಮಾಷ್ಟ್ರಿಗೆ ಜೀವ ಬಂತು. "2011ರ ಜನಗಣತಿಯಲ್ಲಿ ತುಳು ಮಾತಾಡುವವರು 18 ಲಕ್ಷ. ಬ್ಯಾರಿ ಭಾಷೆಯ ಸಿನೆಮಾಕ್ಕೆ 2011ರ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ, ಮರಾಠಿ ಚಿತ್ರದೊಟ್ಟಿಗೆ ಹಂಚಿಕೊಂಡದ್ದು. ಹಾಗಾಗಿ ಯಾವ ಭಾಷೆಗೂ ಸಣ್ಣದು ಅಂತ ಇಲ್ಲ. ಅವರವರ ಮಾತಿನಲ್ಲೇ ತೆಗೀಲಿ, ಕೆಳಗೆ ಕನ್ನಡ ಸಬ್‌ಟೈಟಲ್."

"ಯಾವುದರಲ್ಲಿ ಟೈಪ್ ಮಾಡ್ತೀರಿ?" ಅಕ್ಕ ಕೇಳಿದರು.

"ನುಡಿ."

"ಹಳೆಯ ನುಡಿ ಫಾಂಟಾದ್ರೆ ಪರದೆಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಟೊಪ್ಪಿ, ಬಾಲ ಇಟ್ಟ ಹಾಗೆ ಕಾಣ್ತದೆ. ಯೂನಿಕೋಡ್ ಬೇಕು, ಫೈಲು ಯುಟಿಎಫ್-8ರಲ್ಲಿ ಉಳಿಸ್ಬೇಕು. ಎಡಿಟಿಂಗ್ ಮಾಡುದು ಪ್ರೀಮಿಯರ್ ಸಾಫ್ಟ್‌ವೇರಿನಲ್ಲಾದ್ರೆ ಟೆಕ್ಸ್ಟ್ ಎಂಜಿನ್ನನ್ನು ದಕ್ಷಿಣ ಏಷ್ಯಾದ್ದಕ್ಕೆ ಬದಲಾಯಿಸಿ, ಇಲ್ಲದಿದ್ರೆ ಒತ್ತಕ್ಷರ ಎಲ್ಲ ಮನೆ ಬಿಟ್ಟು ಹೊರಗೆ ನಿಲ್ತವೆ. ಎರಡು ಸಾಲಿಗಿಂತ ಹೆಚ್ಚು ಬೇಡ, ಒಂದು ಸೆಕೆಂಡಿಗಿಂತ ಕಡಿಮೆ ಬೇಡ."

"ತುಳುವಿನ ಅರ್ಧ ಉಕಾರ?" ಮಾಷ್ಟ್ರು ಸುಲಭಕ್ಕೆ ಬಿಡುವವರಲ್ಲ. "ತುಳು ಮಾತನ್ನೇ ಪರದೆಯಲ್ಲಿ ಹಾಕುವಾಗ ಕೊನೆಯ ಸ್ವರವನ್ನು ಒಬ್ಬರು ಕೊಂಬು ಕೊಟ್ಟು ಬರೀತಾರೆ, ಒಬ್ಬರು ಅರ್ಧಾಕ್ಷರ ಮಾಡ್ತಾರೆ."

"ಯಾವುದೋ ಒಂದು ಇಟ್ಟುಕೊಳ್ಳಿ, ಆದರೆ ಇಡೀ ಚಿತ್ರಕ್ಕೆ ಒಂದೇ. ಕೊಂಕಣಿಯವರಲ್ಲಿ ಇದನ್ನು ಕೇಳ್ಬೇಡಿ. ಇಗರ್ಜಿಯ ಕ್ರೈಸ್ತರ ಕೊಂಕಣಿ ಒಂದು, ರಥಬೀದಿಯ ದೇವಸ್ಥಾನದವರ ಕೊಂಕಣಿ ಇನ್ನೊಂದು. ಪಾತ್ರ ಯಾವ ಮನೆಯದ್ದೋ ಆ ಮನೆಯವರೇ ತಿದ್ದಲಿ."

ಪ್ರದರ್ಶನಕ್ಕೆ ಶೆಟ್ರ ಒಂದೇ ಪ್ರಶ್ನೆ: ಹಾಲಿನ ಬಾಡಿಗೆ. ಉಳಿದವರು ಲೆಕ್ಕ ಕೊಟ್ಟರು. ಪರದೆಯ ಎತ್ತರದ ಆರು ಪಟ್ಟಿಗಿಂತ ಹಿಂದೆ ಕುರ್ಚಿ ಬೇಡ. ಆರಡಿ ಪರದೆಯಾದರೆ ಕೊನೆಯ ಸಾಲು 36 ಅಡಿಗೆ. ಕತ್ತಲೆಯ ಕೋಣೆಗೆ 3,000 ಲುಮೆನ್ನಿನ ಪ್ರೊಜೆಕ್ಟರು ಸಾಕು. ಪರದೆಯ ಕೆಳ ಅಂಚು ನೆಲದಿಂದ ನಾಲ್ಕಡಿ ಮೇಲೆ ಇರಲೇಬೇಕು, ಇಲ್ಲದಿದ್ದರೆ ಸಬ್‌ಟೈಟಲ್ ಇರುವಲ್ಲಿ ಮುಂದಿನವರ ಮಂಡೆ ಇರುತ್ತದೆ. ಮತ್ತೆ ಕಿರುಚಿತ್ರವೆಂದು ರಿಯಾಯಿತಿ ಇಲ್ಲ: ಸಾರ್ವಜನಿಕ ಪ್ರದರ್ಶನಕ್ಕೆ 1952ರ ಕಾಯ್ದೆಯಂತೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು.

"ಇದೆಲ್ಲ ಕಲಿಸ್ಲಿಕ್ಕೆ ಎಷ್ಟು ದಿನ?" ಎಂದ ಮಾಣಿ.

"ಐದು ಭಾನುವಾರ," ಎಂದರು ಅಕ್ಕ. "ಹನ್ನೆರಡು ಜನ, ನಾಲ್ಕು ನಾಲ್ಕರ ಮೂರು ತಂಡ. ಒಂದು ಕಥೆಗೆ, ಒಂದು ಮೈಕಿಗೆ, ಒಂದು ಕ್ಯಾಮರಾಕ್ಕೆ, ಎರಡು ಎಡಿಟಿಗೆ."

"ಕ್ಯಾಮರಾಕ್ಕಿಂತ ಮೊದಲು ಮೈಕಾ?"

ಡಿಸೋಜರು ಅಕ್ಕನ ಕಡೆ ಕೈ ಮುಗಿದರು. ಆಮೇಲೆ ಹಾಳೆ ಮಗುಚಿ, ಮಾಷ್ಟ್ರ ಉದ್ದೇಶದಲ್ಲಿ "ವೇದಿಕೆ" ಹೊಡೆದು "ಮೈಕು ಮತ್ತು ಕತ್ತರಿ" ಎಂದು ಬರೆದರು. ಮಾಷ್ಟ್ರು ವ್ಯಾಕರಣ ನೋಡಿ, ಬೇರೆ ದಾರಿ ಕಾಣದೆ ಒಪ್ಪಿದರು.

"ಏಳುವ ಮೊದಲು ಒಂದು ಅಭ್ಯಾಸ," ಡಿಸೋಜರು ಕಿಸೆಯಿಂದ ರೆಕಾರ್ಡರು ತೆಗೆದು ಮೇಜಿನ ನಡುವೆ ಇಟ್ಟರು. "ಯಾವ ಜಾಗ ಬಿಡುವಾಗಲೂ 30 ಸೆಕೆಂಡು ಅಲ್ಲಿಯ ಮೌನ ರೆಕಾರ್ಡ್ ಮಾಡ್ಬೇಕು. ಮಾತು ಕತ್ತರಿಸಿದಲ್ಲಿ ತೂತು ಬೀಳ್ತದೆ, ಅದಕ್ಕೆ ಇದೇ ತೇಪೆ. ಬೇರೆ ಕೋಣೆಯ ಮೌನ ಇದಕ್ಕೆ ಕೂಡುದಿಲ್ಲ. ಬರೀ 30 ಸೆಕೆಂಡು. ಯಾರೂ ಮಾತಾಡ್ಲಿಕ್ಕಿಲ್ಲ."

ಕೆಂಪು ದೀಪ ಹತ್ತಿತು. ಮಳೆ, ಅಡುಗೆಮನೆಯ ತವೆಯ ಚುರ್ ಸದ್ದು, ದೂರದ ಸಿಟಿಬಸ್ಸಿನ ಹಾರ್ನು. ನಾಲ್ಕನೇ ಸೆಕೆಂಡಿಗೆ ಶೆಟ್ರು ಗೋಳಿಬಜೆ ಕಚ್ಚಿದರು. ಏಳನೆಯದಕ್ಕೆ ಮಾಣಿಯ ಫೋನು ಗುಂಯ್ ಎಂದಿತು. ಒಂಬತ್ತನೇ ಸೆಕೆಂಡಿಗೆ ಮಾಷ್ಟ್ರು ರೆಕಾರ್ಡರಿನ ಹತ್ತಿರ ಬಾಗಿ ಪಿಸುಗುಟ್ಟಿದರು:

"ಶುರು ಆಯ್ತಾ?"