‘ಕುಲುಮೆ’, ‘ಮರುಜೀವ’: ಆಟದ ಅನುವಾದಕ್ಕೆ ಬೇಕಾದ ಕೆಲವು ಪದಗಳು

ಮೈನ್‌ಟೆಸ್ಟ್ ಎಂಬ ಹೆಸರಿನಲ್ಲಿ 2010ರಲ್ಲಿ ಆರಂಭವಾಗಿ, 2024ರ ಅಕ್ಟೋಬರಿನಲ್ಲಿ ಲುವಾಂಟಿ ಎಂದು ಹೆಸರು ಬದಲಿಸಿಕೊಂಡ, ಘನಾಕಾರದ ಗಟ್ಟಿಗಳನ್ನು ಅಗೆದು, ಜೋಡಿಸಿ ಲೋಕ ಕಟ್ಟುವ ಮುಕ್ತ ತಂತ್ರಾಂಶದ ಆಟಕ್ಕೆ ಕನ್ನಡದ ಅನುವಾದ ಕಡತವೊಂದಿದೆ. ಸ್ವಯಂಸೇವಕರು ಕೈಗೆತ್ತಿಕೊಂಡ ಆ ಕೆಲಸ ಪೂರ್ತಿಯಾಗದೆ ನಿಂತಿದೆ. ಅದನ್ನು ಕೆಲವರು ಕೂಡಿ ಮುಂದುವರಿಸುವುದಾದರೆ, ಸಾಲು ಸಾಲಾಗಿ ಅನುವಾದಿಸುವುದಕ್ಕೆ ಮೊದಲು ಮುಖ್ಯವಾದ ಪದಗಳನ್ನು ಒಪ್ಪಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ; ಅವುಗಳ ಬಗ್ಗೆ ಬಲ್ಲವರ ಸಲಹೆ ಕೇಳಲು ಇದನ್ನು ಬರೆಯುತ್ತಿದ್ದೇನೆ.

ಕೆಲಸ ನಿಲ್ಲುವುದಕ್ಕೆ ಉತ್ಸಾಹದ ಕೊರತೆಯೊಂದೇ ಕಾರಣವಲ್ಲ. ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸಿ ತೋರಿಸುವ ಶಕ್ತಿ ಆ ತಂತ್ರಾಂಶದ ಅಕ್ಷರಚಿತ್ರಣಕ್ಕೆ ಇಲ್ಲದ್ದರಿಂದ, ಹಿಂದಿ, ಅರಬ್ಬಿಗಳಂತೆ ಕನ್ನಡವನ್ನೂ ಆಟಗಾರರ ಕೈಸೇರುವ ಸಿದ್ಧಪ್ರತಿಯಿಂದ ಹೊರಗಿಡಲಾಗಿತ್ತು. ತಾನು ಬರೆದದ್ದು ತೆರೆಯ ಮೇಲೆ ಕಾಣದಿದ್ದರೆ ಯಾರಿಗಾದರೂ ಕೈ ಸೋಲುತ್ತದೆ. ಇದರ ಜೊತೆಗೆ, ಮೂಲದ ವಾಕ್ಯ ಬದಲಾದಾಗಲೆಲ್ಲ ಹಳೆಯ ಅನುವಾದಕ್ಕೆ ‘ಮರುಪರಿಶೀಲಿಸಬೇಕು’ ಎಂಬ ಗುರುತು ಬಿದ್ದು, ಯಾರಾದರೂ ತಿದ್ದುವವರೆಗೆ ಅದು ಬಳಕೆಗೆ ಬರುವುದಿಲ್ಲ. ಆದ್ದರಿಂದ ಕೈಬಿಟ್ಟ ಅನುವಾದ ಇದ್ದಲ್ಲೇ ಉಳಿಯದೆ ದಿನದಿಂದ ದಿನಕ್ಕೆ ಸವೆಯುತ್ತದೆ. ಅಕ್ಷರಚಿತ್ರಣದ ಕೆಲಸವನ್ನು ತಂತ್ರಜ್ಞರು ಮಾಡಬೇಕು. ಪದಗಳ ಕೆಲಸಕ್ಕೆ ಅದಕ್ಕಾಗಿ ಕಾಯಬೇಕಾಗಿಲ್ಲ.

ಮೊದಲನೆಯ ಪದ ‘ಫರ್ನೇಸ್’. ‘ಕುಲುಮೆ’ ಎಂದು ಬರೆದು ಮುಂದೆ ಹೋಗಬಹುದು ಎನಿಸುತ್ತದೆ. ಆದರೆ ಈ ತಂತ್ರಾಂಶದ ಮೂಲ ಆಟದಲ್ಲಿ ಅದೇ ಒಂದು ವಸ್ತುವಿನೊಳಗೆ ಕಬ್ಬಿಣದ ಉಂಡೆ ಉಕ್ಕಿನ ಗಟ್ಟಿಯಾಗುತ್ತದೆ, ಜೇಡಿಮಣ್ಣು ಇಟ್ಟಿಗೆಯಾಗುತ್ತದೆ, ಮರಳು ಗಾಜಾಗುತ್ತದೆ, ಹಿಟ್ಟು ಬ್ರೆಡ್ಡಾಗುತ್ತದೆ. ನಮ್ಮಲ್ಲಾದರೋ ಕಸುಬಿಗೊಂದು ಬೆಂಕಿ, ಬೆಂಕಿಗೊಂದು ಹೆಸರು: ಕಮ್ಮಾರನದು ಕುಲುಮೆ, ಕುಂಬಾರನದು ಆವಿಗೆ, ಇಟ್ಟಿಗೆಯವರದು ಗೂಡು, ಅಡುಗೆಮನೆಯದು ಒಲೆ. ಕುಲುಮೆಯಲ್ಲಿ ಬ್ರೆಡ್ಡು ಬೇಯುವುದು ಕಿವಿಗೆ ಒಗ್ಗದು. ಒಲೆಯಲ್ಲಿ ಅದಿರು ಕರಗುವುದೂ ಅಷ್ಟೇ. ‘ಭಟ್ಟಿ’ ಎಂಬುದು ಸುಣ್ಣಕ್ಕೂ ಇಟ್ಟಿಗೆಗೂ ಸಲ್ಲುವುದರಿಂದ ಹೆಚ್ಚು ವಿಶಾಲವಾಗಿದೆ, ಆದರೆ ಕಳ್ಳಭಟ್ಟಿಯ ನೆನಪು ಅದಕ್ಕೆ ಅಂಟಿಕೊಂಡಿದೆ, ಮತ್ತು ಇದನ್ನು ಆಡುವವರಲ್ಲಿ ಮಕ್ಕಳು ಬಹಳ. ಆಟಗಾರ ಅದನ್ನು ಮೊದಲು ಕಟ್ಟಿಕೊಳ್ಳುವುದು ಲೋಹಕ್ಕಾಗಿ ಎಂಬ ಕಾರಣದಿಂದ ನಾನು ಸದ್ಯಕ್ಕೆ ಕುಲುಮೆಯ ಪರವಾಗಿದ್ದೇನೆ. ಇದಕ್ಕಿಂತ ಒಳ್ಳೆಯ ಪದವಿದ್ದರೆ ಸಂತೋಷದಿಂದ ಬಿಟ್ಟುಕೊಡುತ್ತೇನೆ.

ಇನ್ನೂ ಕಷ್ಟದ್ದು ‘ರೀಸ್ಪಾನ್’. ಸತ್ತ ಆಟಗಾರನ ಮುಂದೆ ಕಾಣಿಸುವ ಗುಂಡಿಯ ಮೇಲಿನ ಪದ ಅದು. ‘ಪುನರ್ಜನ್ಮ’ ಎಂದರೆ ದೇಹ ಬೇರೆಯಾಗಬೇಕು, ಹೆಸರು ಬೇರೆಯಾಗಬೇಕು, ಕರ್ಮದ ಲೆಕ್ಕವೂ ಹಿಂಬಾಲಿಸಬೇಕು. ಇಲ್ಲಿ ಅದೇ ಆಟಗಾರ ಅದೇ ಹೆಸರಿನಲ್ಲಿ, ಅದೇ ರೂಪದಲ್ಲಿ ಮತ್ತೆ ಎದ್ದು ನಿಲ್ಲುತ್ತಾನೆ. ಅದಕ್ಕೆ ‘ಮರುಜೀವ’ ಹೆಚ್ಚು ಹತ್ತಿರವಾದದ್ದು. ತೊಡಕು ಬರುವುದು ಮೂಲಪದವಾದ ‘ಸ್ಪಾನ್’ ವಿಷಯದಲ್ಲಿ: ಆಟಗಾರ ಮೊದಲ ಬಾರಿ ಕಾಣಿಸಿಕೊಳ್ಳುವುದಕ್ಕೂ, ಕತ್ತಲಲ್ಲಿ ಪ್ರಾಣಿಗಳು ಹುಟ್ಟಿಕೊಳ್ಳುವುದಕ್ಕೂ ಅದೇ ಪದವಿದೆ. ಯಾರೂ ಹೆರದೆ, ಯಾರೂ ಕೆತ್ತದೆ ನೆಲದಿಂದ ತಾನಾಗಿ ಮೂಡಿದ್ದನ್ನು ನಾವು ‘ಉದ್ಭವ’ ಎನ್ನುತ್ತೇವೆ, ಉದ್ಭವಲಿಂಗ ಎಂಬಲ್ಲಿರುವಂತೆ. ಆ ಅರ್ಥ ಇಲ್ಲಿ ಚೆನ್ನಾಗಿ ಕೂಡುತ್ತದೆ. ಹಾಗಾದರೆ ಪ್ರಾಣಿಗಳಿಗೆ ‘ಉದ್ಭವಿಸು’, ಆಟಗಾರನಿಗೆ ‘ಮರುಜೀವ’ ಎಂದು ಎರಡು ಬೇರುಗಳನ್ನು ಇಟ್ಟುಕೊಳ್ಳಬಹುದೇ, ಅಥವಾ ಮೂಲದ ನಂಟು ಕಾಣುವಂತೆ ‘ಹುಟ್ಟು’, ‘ಮರುಹುಟ್ಟು’ ಎಂಬ ಜೋಡಿಯೇ ಲೇಸೇ?

ಆಟಗಾರ ತನ್ನ ಬಳಿ ಇಟ್ಟುಕೊಂಡಿರುವ ವಸ್ತುಗಳ ಸಂಗ್ರಹವಾದ ‘ಇನ್ವೆಂಟರಿ’ಗೆ ‘ದಾಸ್ತಾನು’ ಸಾಕೆಂದು ತೋರುತ್ತದೆ. ‘ಉಗ್ರಾಣ’ ಒಂದೆಡೆ ನಿಂತಿರುವಂಥದು, ಆಟಗಾರನ ಜೊತೆ ನಡೆಯಲಾರದು.

ಆಟದ ವಸ್ತುಗಳ ಹೆಸರುಗಳು ಒಂದು ಕಡತದಲ್ಲೂ ಗುಂಡಿ, ಸೂಚನೆಗಳ ಮಾತುಗಳು ಇನ್ನೊಂದರಲ್ಲೂ ಇರುವುದರಿಂದ, ಇಬ್ಬರು ಬೇರೆ ಬೇರೆಯಾಗಿ ಕುಳಿತು ಬರೆದರೆ ಒಂದೇ ವಸ್ತುವಿಗೆ ಎರಡು ಹೆಸರು ಬೀಳುವುದು ಖಂಡಿತ. ಈ ಅನುವಾದ ನಡೆಯುವ ವೆಬ್‌ಲೇಟ್ ತಾಣದಲ್ಲಿ ಪದಕೋಶವೊಂದನ್ನು ಇಟ್ಟುಕೊಂಡು, ಅನುವಾದಿಸುವಾಗ ಪಕ್ಕದಲ್ಲೇ ನೋಡುವ ಅನುಕೂಲವಿದೆ. ಇಲ್ಲಿ ಒಪ್ಪಿಗೆಯಾದ ಪದಗಳು ಅಲ್ಲಿಗೆ ಹೋಗಬೇಕೆಂಬುದು ನನ್ನ ಆಸೆ. ಕಮ್ಮಾರಿಕೆ, ಕುಂಬಾರಿಕೆಯ ಮನೆಗಳ ಮಾತು ಬಲ್ಲವರು, ಅದಿರು ಕರಗಿಸುವುದಕ್ಕೂ ಮಣ್ಣು ಸುಡುವುದಕ್ಕೂ ಸಮಾನವಾಗಿ ಸಲ್ಲುವ ಪದ ತಮ್ಮ ಸೀಮೆಯಲ್ಲಿದ್ದರೆ, ಅದನ್ನು ಬಳಸಿದ ಒಂದು ವಾಕ್ಯದೊಡನೆ ದಯವಿಟ್ಟು ತಿಳಿಸಬೇಕು.