ಡಾಕ್ಟರಿಗೆ ಕೇಳಿ: ‘ಅವರದ್ದು ಮುಗಿಯುತ್ತೆ, ನನ್ನದು?’

ಪ್ರಶ್ನೆ (ಹೆಸರು ಹಾಕಬೇಡಿ, 34 ವರ್ಷ, ದಾವಣಗೆರೆ):
ಮೇಡಂ, ಮದುವೆಯಾಗಿ ಒಂಬತ್ತು ವರ್ಷ, ಇಬ್ಬರು ಮಕ್ಕಳು. ಗಂಡ ಒಳ್ಳೆಯವರು, ಜೋರು ದನಿಯಲ್ಲಿ ಮಾತಾಡಿದವರೂ ಅಲ್ಲ. ಆದರೆ ಅವರ ಜೊತೆ ಸೇರಿದಾಗ ನನಗೆ ಒಮ್ಮೆಯೂ ತೃಪ್ತಿ ಸಿಕ್ಕಿಲ್ಲ. ಒಬ್ಬಳೇ ಇದ್ದಾಗ, ಹೇಳಲು ನಾಚಿಕೆ, ಐದು ನಿಮಿಷದಲ್ಲಿ ಆಗುತ್ತದೆ. ಅವರಿಗೆ ಬೇಜಾರಾಗಬಾರದು ಅಂತ ಮೊದಲ ವರ್ಷದಿಂದಲೇ ಆದಂತೆ ನಟಿಸುತ್ತಾ ಬಂದೆ. ಈಗ ಅದೂ ಸಾಕಾಗಿದೆ. ಅಕ್ಕನ ಹತ್ತಿರ ಹೇಳಿದರೆ ‘ಹೆಂಗಸರಿಗೆ ಅದೆಲ್ಲ ಎಲ್ಲಿರುತ್ತೆ, ಸ್ತ್ರೀವಾದ ಗೀವಾದ ಅಂತ ಓದಿ ತಲೆ ಕೆಡಿಸಿಕೊಂಡಿದ್ದೀಯ’ ಅಂದಳು. ನನ್ನ ಒಳಗೇ ಏನಾದರೂ ದೋಷ ಇದೆಯಾ? ಸ್ಕ್ಯಾನ್ ಮಾಡಿಸಬೇಕಾ?

ಡಾಕ್ಟರ್:
ಸ್ಕ್ಯಾನ್ ಬೇಡ. ಒಬ್ಬಳೇ ಇದ್ದಾಗ ಆಗುತ್ತದೆ ಅಂದಿರಲ್ಲ, ಪರೀಕ್ಷೆ ಅಲ್ಲಿಗೇ ಮುಗಿಯಿತು. ನಿಮ್ಮ ನರಗಳು ತಮ್ಮ ಕೆಲಸ ಸರಿಯಾಗಿ ಮಾಡುತ್ತಿವೆ. ಅದಕ್ಕೆ ನಾಚಿಕೆಯೂ ಬೇಡ.

ನನ್ನ ಒಪಿಡಿಯಲ್ಲಿ ಹೆಂಗಸರು ಈ ವಿಷಯ ಹೇಳುವ ರೀತಿಯನ್ನು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ‘ಅವರು ಬರ್ತಾರೆ’, ‘ಅವರದ್ದು ಮುಗಿಯುತ್ತೆ’, ‘ನಾನು ಇಲ್ಲ ಅನ್ನಲ್ಲ’. ಹಾಸಿಗೆಯಲ್ಲಿ ಇಬ್ಬರಿದ್ದರೂ ಮಾಡುವವರು ಒಬ್ಬರೇ, ಇವಳು ‘ಇಲ್ಲ ಅನ್ನದೆ’ ಇರುವವಳು. ಗಂಡಸಿಗೆ ಸ್ಖಲನವಾದರೆ ಇಬ್ಬರಿಗೂ ಮುಗಿಯಿತು ಅಂತ ಲೆಕ್ಕ. ಈ ಲೆಕ್ಕ ಬರೆದವರು ಯಾರು ಅಂತ ಸ್ತ್ರೀವಾದ ಕೇಳಿತು. ನಿಮ್ಮ ಅಕ್ಕನಿಗೆ ಬೇಕಾದರೆ ಇಷ್ಟು ಹೇಳಿ: ಓದಿ ನಿಮ್ಮ ತಲೆ ಕೆಟ್ಟಿಲ್ಲ, ಸರಿಯಾದ ಪ್ರಶ್ನೆ ಹುಟ್ಟಿದೆ.

ಈಗ ಶರೀರದ ವಿಷಯ. ಹೆಣ್ಣಿನ ಸುಖದ ಮುಖ್ಯ ಅಂಗ ಯೋನಿಯ ಒಳದಾರಿ ಅಲ್ಲ, ಕ್ಲಿಟೋರಿಸ್. ಕನ್ನಡದಲ್ಲಿ ಭಗಾಂಕುರ ಅನ್ನುತ್ತಾರೆ. ಮೂತ್ರದ್ವಾರಕ್ಕಿಂತ ಮೇಲೆ, ಒಳತುಟಿಗಳು ಕೂಡುವಲ್ಲಿ ಕಾಣುವ ಕಾಳಿನಷ್ಟು ಭಾಗ ಅದರ ತುದಿ ಮಾತ್ರ. ಉಳಿದದ್ದೆಲ್ಲ ಒಳಗಿದೆ: ಎರಡು ಬದಿಗೆ ಚಾಚಿದ ಕಾಲುಗಳು ಒಂದೊಂದೂ 5ರಿಂದ 9 ಸೆಂಟಿಮೀಟರ್, ಜೊತೆಗೆ ಯೋನಿದ್ವಾರವನ್ನು ತಬ್ಬಿದಂತಿರುವ ಎರಡು ಉಬ್ಬುಗಳು. ಭ್ರೂಣದಲ್ಲಿ ಗಂಡಿಗೆ ಶಿಶ್ನವಾಗುವ ಮೊಳಕೆಯೇ ಹೆಣ್ಣಿಗೆ ಇದಾಗುತ್ತದೆ. ಇದೂ ರಕ್ತ ತುಂಬಿ ಉಬ್ಬುತ್ತದೆ, ಅದಕ್ಕೆ ಸಮಯ ಬೇಕು. ಆಸ್ಟ್ರೇಲಿಯಾದ ಮೂತ್ರಾಂಗ ಶಸ್ತ್ರವೈದ್ಯೆ ಹೆಲೆನ್ ಒಕಾನೆಲ್ 1998ರಲ್ಲಿ ಶವಛೇದನ ಮಾಡಿ ಇದರ ಪೂರ್ತಿ ರಚನೆಯನ್ನು ಪ್ರಕಟಿಸುವವರೆಗೆ ಹೆಚ್ಚಿನ ವೈದ್ಯಕೀಯ ಪಠ್ಯಗಳು ಇದನ್ನು ಒಂದೆರಡು ಸಾಲಿನಲ್ಲಿ ದಾಟಿಸಿಬಿಡುತ್ತಿದ್ದವು. ನಾನು ಎಂಬಿಬಿಎಸ್ ಓದಿದಾಗಲೂ ಶಿಶ್ನಕ್ಕೆ ಪುಟಗಟ್ಟಲೆ, ಇದಕ್ಕೆ ಒಂದು ಪ್ಯಾರಾ. ಇದರ ನರಗಳಲ್ಲಿ 10,000ಕ್ಕೂ ಹೆಚ್ಚು ತಂತುಗಳಿವೆ ಅಂತ ಅಮೆರಿಕದಲ್ಲಿ ಎಣಿಸಿ ಹೇಳಿದ್ದು 2022ರಲ್ಲಿ.

ಅದಕ್ಕೂ ಮೊದಲು ಏನಿತ್ತು? 1905ರಲ್ಲಿ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್, ಹುಡುಗಿ ಹೆಂಗಸಾಗುವಾಗ ಸುಖ ಭಗಾಂಕುರವನ್ನು ಬಿಟ್ಟು ಯೋನಿಗೆ ವರ್ಗವಾಗಬೇಕು ಅಂದ. ಆಗದವಳು ಪಕ್ವವಾಗಿಲ್ಲ ಅಂತ ಅರ್ಥ. ಆ ಒಂದು ಮಾತಿಗೆ ಎಷ್ಟು ಹೆಂಗಸರು ತಮ್ಮನ್ನೇ ರೋಗಿಗಳು ಅಂದುಕೊಂಡರೋ. 1970ರ ಸುಮಾರಿಗೆ ಸ್ತ್ರೀವಾದಿಗಳು ಅದನ್ನು ಎತ್ತಿ ಬಿಸಾಕಿದ್ದು ಬರೀ ಸಿದ್ಧಾಂತದ ಜಗಳ ಅಲ್ಲ. ‘ನನಗೆ ಹೀಗಾಗುತ್ತದೆ’ ಅಂತ ಹೆಂಗಸರು ತಾವೇ ಹೇಳಿದ್ದನ್ನು ಪುರಾವೆ ಅಂತ ಒಪ್ಪಿಕೊಂಡದ್ದು.

ಇನ್ನೊಂದು ಅಂಕಿ ಹೇಳಿಯೇಬಿಡುತ್ತೇನೆ, ನಿಮ್ಮ ಪ್ರಶ್ನೆಗೆ ನೇರ ಉತ್ತರ ಅದರಲ್ಲಿದೆ. ಅಮೆರಿಕದಲ್ಲಿ 52,000ಕ್ಕೂ ಹೆಚ್ಚು ಜನರನ್ನು ಕೇಳಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೇರಿದಾಗ ಸಾಮಾನ್ಯವಾಗಿ ಸುಖದ ತುದಿ ಮುಟ್ಟುತ್ತೇವೆ ಅಂದವರು ಹೆಣ್ಣಿನೊಂದಿಗಿರುವ ಗಂಡಸರಲ್ಲಿ ಶೇ 95, ಗಂಡಿನೊಂದಿಗಿರುವ ಹೆಂಗಸರಲ್ಲಿ ಶೇ 65. ಹೆಣ್ಣಿನೊಂದಿಗೇ ಇರುವ ಹೆಂಗಸರಲ್ಲಿ ಶೇ 86. ಶರೀರ ಅದೇ, ಅಂಗ ಅದೇ. ದೋಷ ಹೆಣ್ಣಿನ ಮೈಯಲ್ಲಿದ್ದರೆ ಈ 86 ಎಲ್ಲಿಂದ ಬರಬೇಕಿತ್ತು? ಯಾರು ಎಲ್ಲಿ ಮುಟ್ಟುತ್ತಾರೆ, ಎಷ್ಟು ಹೊತ್ತು ಮುಟ್ಟುತ್ತಾರೆ, ಅವಳು ಬಾಯಿಬಿಟ್ಟು ಹೇಳುತ್ತಾಳಾ, ಇವು ಬದಲಾಗುತ್ತವೆ.

ಕೈಯಿಂದ, ಬಾಯಿಂದ ಮಾಡುವುದಕ್ಕೆಲ್ಲ ನಮ್ಮ ಪುಸ್ತಕಗಳಲ್ಲಿ ‘ಮುನ್ನಲಿವು’ (ಫೋರ್‌ಪ್ಲೇ) ಅಂತ ಹೆಸರು. ನನಗೆ ಆ ಪದ ಹಿಡಿಸುವುದಿಲ್ಲ. ಹೆಚ್ಚಿನ ಹೆಂಗಸರಿಗೆ ಊಟವೇ ಅದು, ಬಾಳೆಲೆ ಹಾಸುವ ಕೆಲಸ ಅಲ್ಲ.

ಅದೇ ಸದಸ್ಯೆ:
ಓದುತ್ತಾ ಕಣ್ಣಲ್ಲಿ ನೀರು ಬಂತು ಮೇಡಂ. ಆದರೆ ಒಂಬತ್ತು ವರ್ಷ ಸುಳ್ಳು ಹೇಳಿದ್ದೇನಲ್ಲ, ಈಗ ಹೇಗೆ ಬಾಯಿ ಬಿಡಲಿ?

ಡಾಕ್ಟರ್:
ಹಾಸಿಗೆಯಲ್ಲಿ ಹೇಳಬೇಡಿ. ಆ ಹೊತ್ತಿನಲ್ಲಿ ಹೇಳಿದ್ದು ತೀರ್ಪಿನಂತೆ ಕೇಳಿಸುತ್ತದೆ. ಮಕ್ಕಳು ಮಲಗಿದ ಮೇಲೆ, ವಾಕಿಂಗ್ ಹೋದಾಗ, ಮುಖ ನೋಡದೆ ಮಾತಾಡಬಹುದಾದ ಜಾಗದಲ್ಲಿ ಹೇಳಿ. ಒಂಬತ್ತು ವರ್ಷದ ಲೆಕ್ಕ ಒಂದೇ ದಿನ ಒಪ್ಪಿಸಬೇಕಾಗಿಲ್ಲ. ‘ನನಗೆ ಇಲ್ಲಿ ಹೀಗೆ ಮುಟ್ಟಿದರೆ ಹಿತ, ಇನ್ನೂ ಸ್ವಲ್ಪ ಹೊತ್ತು ಬೇಕು’ ಅಂತ ಶುರು ಮಾಡಿ. ಅವರ ಕೈ ಹಿಡಿದು ತೋರಿಸಿ. ಮೈ ಏರುತ್ತಿರುವಾಗ ಹೆಚ್ಚಿನ ಗಂಡಸರು ವೇಗ, ಒತ್ತಡ ಎರಡನ್ನೂ ಬದಲಾಯಿಸುತ್ತಾರೆ, ಅಲ್ಲೇ ಕೆಡುತ್ತದೆ. ‘ಹಾಗೇ ಇರಿ, ಬದಲಾಯಿಸಬೇಡಿ’ ಅನ್ನುವ ಮಾತನ್ನು ಇಬ್ಬರೂ ಕಲಿಯಬೇಕು. ನಟನೆಯನ್ನು ಮಾತ್ರ ಇವತ್ತೇ ನಿಲ್ಲಿಸಿ. ನಟಿಸಿದಷ್ಟೂ ಅವರಿಗೆ ತಪ್ಪು ಪಾಠವೇ ಸರಿ ಅನ್ನಿಸುತ್ತಾ ಹೋಗುತ್ತದೆ.

ಒಂದು ವೈದ್ಯಕೀಯ ಮಾತು, ಎಲ್ಲರಿಗೂ: ಮೊದಲು ಆಗುತ್ತಿದ್ದು ಈಗ ನಿಂತಿದ್ದರೆ ಅದು ಬೇರೆ ವಿಷಯ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಸಕ್ಕರೆ ಕಾಯಿಲೆ, ಥೈರಾಯ್ಡ್, ಎದೆಹಾಲು ಕುಡಿಸುವ ತಿಂಗಳುಗಳು ಕಾರಣ ಇರಬಹುದು. ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ, ಬರೆದುಕೊಟ್ಟವರ ಹತ್ತಿರ ಕೇಳಿ, ಬದಲಿ ಇರುತ್ತದೆ.

ಪ್ರಶ್ನೆ (25, ಹುಬ್ಬಳ್ಳಿ):
ಮೇಡಂ, ನಮ್ಮ ಮದುವಿ ಆಗಿ ಏಳು ತಿಂಗಳಾತ್ರಿ. ಸೇರೂ ಮುಂದ ಭಾಳ ನೋವಾಗತದ, ಕಾಲು ತಾವಾಗೇ ಬಿಗಿ ಹಿಡೀತಾವು. ಒಮ್ಮಿನೂ ಪೂರ್ತಿ ಆಗಿಲ್ಲ. ಅತ್ತಿ ‘ಮೊದಮೊದಲು ಹಂಗ, ತಡಕೋ’ ಅಂತಾರ. ಕೂಸು ಯಾವಾಗ ಅಂತ ಬ್ಯಾರೆ ಕೇಳಾಕ ಹತ್ಯಾರ.

ಡಾಕ್ಟರ್:
ತಡಕೋಬೇಡಮ್ಮ. ನೋವು ಹೆಣ್ಣಿನ ಸಹನೆಯ ಪರೀಕ್ಷೆ ಅಲ್ಲ, ಮೈ ಹೇಳುವ ‘ಬೇಡ’. ನೀನು ಹೇಳಿದ್ದು ವಜೈನಿಸ್ಮಸ್‌ನಂತಿದೆ: ಭಯಕ್ಕೋ ನೋವಿನ ನಿರೀಕ್ಷೆಗೋ ಯೋನಿಯ ಸುತ್ತಲಿನ ಸ್ನಾಯು ತಾನಾಗಿಯೇ ಬಿಗಿಯುತ್ತದೆ, ಬಿಗಿದದ್ದಕ್ಕೆ ಇನ್ನಷ್ಟು ನೋವು. ಸೋಂಕು ಅಥವಾ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ಕಾಯಿಲೆ) ಇದೆಯಾ ಅಂತ ಒಮ್ಮೆ ನೋಡಿಸು. ನಿಧಾನ ಮಾಡಿ, ನಿನ್ನನ್ನು ಕೇಳಿ ಮುಟ್ಟುವ ಡಾಕ್ಟರೇ ಆಗಬೇಕು. ಆಮೇಲೆ ಶ್ರೋಣಿಯ, ಅಂದರೆ ಸೊಂಟದ ಕೆಳಭಾಗದ, ಸ್ನಾಯುಗಳಿಗೆ ಫಿಸಿಯೋಥೆರಪಿ, ಯೋನಿಯ ಬಿಗಿತ ಸಡಿಲಿಸಲು ಸಣ್ಣದರಿಂದ ಶುರುಮಾಡುವ ಡೈಲೇಟರ್ ಅನ್ನುವ ನಯವಾದ ಸಾಧನ, ಜೊತೆಗೆ ಕೌನ್ಸೆಲಿಂಗ್. ಹೆಚ್ಚಿನವರಿಗೆ ವಾಸಿಯಾಗುತ್ತದೆ. ಅಲ್ಲಿಯವರೆಗೆ ಒಳಸೇರಿಸುವ ಪ್ರಯತ್ನ ಪೂರ್ತಿ ಬಂದ್. ನಿನ್ನ ಗಂಡನಿಗೂ ಇದನ್ನು ಓದಿಸು, ಅಪ್ಪಿಕೊಂಡು ಮಲಗುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಮತ್ತೆ, ಮೊದಲ ರಾತ್ರಿ ರಕ್ತ ಬರಲಿಲ್ಲ ಅಂತ ಯಾರಾದರೂ ಏನಾದರೂ ಅಂದಿದ್ದರೆ ಕಿವಿಗೆ ಹಾಕಿಕೊಳ್ಳಬೇಡ. ಕನ್ಯಾಪೊರೆ ನೋಡಿ ಯಾವ ಡಾಕ್ಟರಿಗೂ ಏನೂ ಹೇಳಲು ಬರುವುದಿಲ್ಲ.

ಪ್ರಶ್ನೆ (ಪುರುಷ ಸದಸ್ಯ, 41, ಬೆಂಗಳೂರು):
ನನ್ನ ಹೆಂಡತಿಗೆ ಆಸಕ್ತಿಯೇ ಇಲ್ಲ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಜಗಳ ಏನೂ ಇಲ್ಲ. ಎರಡನೇ ಮಗುವಾದ ಮೇಲೆ ಹೀಗೆ. ಟಾನಿಕ್ ಏನಾದರೂ ಇದೆಯಾ?

ಡಾಕ್ಟರ್:
ಕೇಳಿದ್ದು ಒಳ್ಳೆಯದಾಯಿತು. ಟಾನಿಕ್ ಬರೆಯುವ ಮೊದಲು ನಾನೇ ನಿಮಗೆ ಎರಡು ಮಾತು ಕೇಳುತ್ತೇನೆ.

ಬೆಳಿಗ್ಗೆ ಮೊದಲು ಏಳುವವರು ಯಾರು? ರಾತ್ರಿ ಕೊನೆಗೆ ಅಡುಗೆಮನೆಯ ಲೈಟ್ ಆರಿಸುವವರು ಯಾರು? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಮಾಡುತ್ತಾರೆ, ಗಂಡಸರು 88 ನಿಮಿಷ. ಅದೂ ಕೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ, ಹಾಕದವರು ಇದರಲ್ಲಿಲ್ಲ. ಹತ್ತೂವರೆಗೆ ಸೊಂಟ ನೆಲಕ್ಕಿಟ್ಟವಳಿಗೆ ನಿಮ್ಮ ಕೈ ಮೈಮೇಲೆ ಬಿದ್ದಾಗ ಅದು ಆ ದಿನದ ಇನ್ನೊಂದು ಕೆಲಸದಂತೆ ಕಾಣುತ್ತದೆ.

ಎರಡನೆಯದು, ಗರ್ಭ ನಿಲ್ಲುವ ಭಯ ಯಾರ ತಲೆಯ ಮೇಲಿದೆ? ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ವಿವಾಹಿತ ಹೆಂಗಸರಲ್ಲಿ ಮಕ್ಕಳಾಗದಂತೆ ತಾವೇ ಆಪರೇಷನ್ ಮಾಡಿಸಿಕೊಂಡವರು ಶೇ 38ರ ಹತ್ತಿರ, ಗಂಡ ಮಾಡಿಸಿಕೊಂಡದ್ದು ಶೇ 0.3. ಪ್ರತಿ ತಿಂಗಳು ಮುಟ್ಟಿನ ದಿನಾಂಕ ಎಣಿಸುವವಳಿಗೆ ಸುಖದ ಕಡೆ ಮನಸ್ಸು ಹೋಗುವುದು ಹೇಗೆ? ಮಕ್ಕಳು ಸಾಕು ಅಂತ ಇಬ್ಬರೂ ತೀರ್ಮಾನಿಸಿದ್ದರೆ ನೀವು ವ್ಯಾಸೆಕ್ಟಮಿ ಮಾಡಿಸಿಕೊಳ್ಳಿ. ಚಾಕು ಹಾಕದ ವಿಧಾನದಲ್ಲಿ ಅರ್ಧ ಗಂಟೆಯೂ ಬೇಡ, ಜಾಗಕ್ಕೆ ಮಾತ್ರ ಅರಿವಳಿಕೆ, ಅದೇ ದಿನ ಮನೆಗೆ. ಶಕ್ತಿ ಕುಂದುತ್ತದೆ ಅನ್ನುವುದು ಸುಳ್ಳು. ಸುಮಾರು ಮೂರು ತಿಂಗಳು, ವೀರ್ಯ ಪರೀಕ್ಷೆಯಲ್ಲಿ ಖಾಲಿ ಅಂತ ಬರುವವರೆಗೆ, ಕಾಂಡೋಮ್ ಬಳಸಬೇಕು ಅಷ್ಟೇ. ಹೆಣ್ಣಿನ ಆಪರೇಷನ್‌ಗೆ ಸಣ್ಣದಾದರೂ ಹೊಟ್ಟೆ ಕೊಯ್ದು ಒಳಗೆ ಹೋಗಬೇಕು. ಯಾವುದು ಸುಲಭ ನೀವೇ ನೋಡಿ.

ಇನ್ನು ಆಸಕ್ತಿ. ಕೆಲವರಿಗೆ ಆಸೆ ಮೊದಲು ಹುಟ್ಟಿ ಆಮೇಲೆ ಮೈ ಎಚ್ಚರವಾಗುತ್ತದೆ. ಎಷ್ಟೋ ಹೆಂಗಸರಿಗೆ, ಅದರಲ್ಲೂ ಸಂಸಾರ ಹಳೆಯದಾದ ಮೇಲೆ, ಉಲ್ಟಾ: ಹಿತವಾದ ಸ್ಪರ್ಶ, ಅವಸರವಿಲ್ಲದ ಹೊತ್ತು ಸಿಕ್ಕರೆ ಆಸೆ ಆಮೇಲೆ ಹುಟ್ಟುತ್ತದೆ. ಇದು ರೋಗ ಅಲ್ಲ. ಆದರೆ ಮುಟ್ಟಿದ್ದೆಲ್ಲ ಕೊನೆಗೆ ಅಲ್ಲಿಗೇ ಹೋಗಿ ನಿಲ್ಲುತ್ತದೆ ಅಂತ ಗೊತ್ತಾದರೆ ಅವಳು ಮುಟ್ಟಿಸಿಕೊಳ್ಳುವುದನ್ನೇ ಬಿಡುತ್ತಾಳೆ. ಕೆಲವು ವಾರ ಏನೂ ಬಯಸದೆ ಬೆನ್ನು ಒತ್ತಿ, ತಲೆಗೆ ಎಣ್ಣೆ ಹಚ್ಚಿ. ಮಧ್ಯದಲ್ಲಿ ಅವಳು ‘ಸಾಕು’ ಅಂದರೆ ಮುಖ ಊದಿಸದೆ ಪಕ್ಕದಲ್ಲಿ ಮಲಗಿ. ‘ಬೇಡ’ ಅಂದರೂ ಏನೂ ಕೆಡುವುದಿಲ್ಲ ಅಂತ ಖಾತ್ರಿಯಾದ ಮೇಲೆ ‘ಬೇಕು’ ಅನ್ನುವುದು ಹೆಣ್ಣಿನ ಬಾಯಲ್ಲಿ ಬರುತ್ತದೆ. ನನ್ನ ಇಷ್ಟು ವರ್ಷದ ಅನುಭವದಲ್ಲಿ ಇದಕ್ಕಿಂತ ದೊಡ್ಡ ಟಾನಿಕ್ ನೋಡಿಲ್ಲ.

ಪ್ರತಿಕ್ರಿಯೆ (ಮಹಿಳಾ ಸದಸ್ಯೆ, ಊರು ಬೇಡ):
ನಮ್ಮ ಮನೆಯಲ್ಲಿ ಬೇಡ ಅಂದರೆ ಮೂರು ದಿನ ಮಾತಿಲ್ಲ, ಮನೆ ಖರ್ಚಿಗೆ ದುಡ್ಡಿಲ್ಲ. ಎರಡು ಸಲ ಬಲವಂತವೂ ಆಗಿದೆ. ಗಂಡನೇ ಅಲ್ವಾ, ಇದಕ್ಕೆ ಕಾನೂನಿಲ್ಲ ಅಂತಾರೆ.

ಡಾಕ್ಟರ್:
ನಿಮಗೆ ಇನ್‌ಬಾಕ್ಸ್‌ನಲ್ಲೂ ಬರೆದಿದ್ದೇನೆ, ನೋಡಿ. ಆದದ್ದು ನಿಮ್ಮ ತಪ್ಪಲ್ಲ.

ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ನಿನಲ್ಲಿ, 18 ದಾಟಿದ ಹೆಂಡತಿಯ ಮೇಲೆ ಗಂಡ ಮಾಡಿದ್ದು ಅತ್ಯಾಚಾರ ಅಲ್ಲ ಅನ್ನುವ ವಿನಾಯಿತಿ ಹಾಗೇ ಉಳಿದಿದೆ. 2022ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಗಂಡನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದು ಮಾಡಲು ಒಪ್ಪಲಿಲ್ಲ. ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆದರೆ ‘ಕಾನೂನಿಲ್ಲ’ ಅನ್ನುವುದು ಸುಳ್ಳು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಲೈಂಗಿಕ ಹಿಂಸೆಯೂ ಸೇರಿದೆ, ಖರ್ಚಿಗೆ ದುಡ್ಡು ಕೊಡದೆ ಸತಾಯಿಸುವುದೂ ಸೇರಿದೆ. ರಕ್ಷಣೆಯ ಆದೇಶ, ಅದೇ ಮನೆಯಲ್ಲಿ ಇರುವ ಹಕ್ಕು, ಖರ್ಚು, ಎಲ್ಲ ಕೇಳಬಹುದು. ಬಲವಂತದಿಂದ ಗರ್ಭ ನಿಂತರೆ, ಗರ್ಭಪಾತ ಕಾನೂನಿನ ಮಟ್ಟಿಗೆ ಗಂಡ ಮಾಡಿದ್ದೂ ಅತ್ಯಾಚಾರವೇ ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಅದಕ್ಕೆ ನಿಮ್ಮ ಒಪ್ಪಿಗೆ ಸಾಕು, ಅವರ ಸಹಿ ಬೇಡ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೆ, ಹಿಂಸೆಗೊಳಗಾದ ಹೆಂಗಸರಿಗೆ ನೆರವು ಕೊಡುವ ಜಿಲ್ಲೆಯ ಸಖಿ ಕೇಂದ್ರದ ದಾರಿ ತೋರಿಸುತ್ತಾರೆ. ತುಟಿ ಕಚ್ಚಿಕೊಂಡು ಹೇಗೆ ಸುಖ ಪಡೆಯಬೇಕು ಅಂತ ಮಾತ್ರ ನಾನು ಹೇಳಿಕೊಡಲಾರೆ. ಮೊದಲು ನೀವು ಸುರಕ್ಷಿತವಾಗಿರಬೇಕು.

ಪ್ರತಿಕ್ರಿಯೆ (ಸದಸ್ಯ, ಮೈಸೂರು):
ಕ್ಷಮಿಸಿ, ಇವೆಲ್ಲ ಪಾಶ್ಚಾತ್ಯರ ಮಾತು. ನಮ್ಮ ಹೆಣ್ಣುಮಕ್ಕಳು ಹೀಗೆ ಯೋಚಿಸಿದವರಲ್ಲ.

ಡಾಕ್ಟರ್:
ನಿಮ್ಮ ಊರಿನ ಪಕ್ಕದ ನಂಜನಗೂಡಿನಲ್ಲೇ ಗಾಯಕಿ ಬೆಂಗಳೂರು ನಾಗರತ್ನಮ್ಮ ಹುಟ್ಟಿದ್ದು. 18ನೇ ಶತಮಾನದಲ್ಲಿ ತಂಜಾವೂರಿನ ಮುದ್ದುಪಳನಿ, ಹೆಣ್ಣಿನ ಆಸೆಯನ್ನು ಹೆಣ್ಣಿನ ಬಾಯಲ್ಲೇ ಹಾಡಿದ ತೆಲುಗು ಕಾವ್ಯ ಬರೆದಿದ್ದಳು. ಹಳೆಯ ಮುದ್ರಣದಲ್ಲಿ ಪದ್ಯಗಳನ್ನು ಕತ್ತರಿಸಿದ್ದಾರೆ ಅಂತ ಕಂಡು, ನಾಗರತ್ನಮ್ಮ 1910ರಲ್ಲಿ ಅದನ್ನು ಪೂರ್ತಿಯಾಗಿ ಅಚ್ಚು ಹಾಕಿಸಿದರು. ಅಶ್ಲೀಲ ಅಂತ ಅದನ್ನು ಮುಟ್ಟುಗೋಲು ಹಾಕಿದ್ದು ಬ್ರಿಟಿಷ್ ಸರ್ಕಾರ. ನಾಚಿಕೆ ಯಾವ ದಿಕ್ಕಿನಿಂದ ಬಂತು ಅಂತ ದಯವಿಟ್ಟು ಯೋಚಿಸಿ.

ಪ್ರಶ್ನೆ (52, ಶಿರಸಿ ಕಡೆಯವಳು):
ಈ ವಯಸ್ಸಿನಲ್ಲಿ ಕೇಳಬಹುದೋ ಇಲ್ಲವೋ. ಮುಟ್ಟು ನಿಂತು ಎರಡು ವರ್ಷ. ಮಕ್ಕಳು ದೂರ, ಮನೆಯಲ್ಲಿ ನಾವಿಬ್ಬರೇ, ಈಗಲೇ ಪುರಸೊತ್ತು. ಆದರೆ ಒಳಗೆ ಒಣಗಿ ಉರಿ. ತೆಂಗಿನೆಣ್ಣೆ ಹಚ್ಚಬಹುದಾ?

ಡಾಕ್ಟರ್:
ಖಂಡಿತ ಕೇಳಬಹುದು. ಈಸ್ಟ್ರೋಜೆನ್ ಎಂಬ ಹೆಣ್ಣಿನ ಹಾರ್ಮೋನು ಇಳಿದಾಗ ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ. ಸೇರುವಾಗ ನೀರಿನ ಆಧಾರದ ಲೂಬ್ರಿಕೆಂಟ್ ಬಳಸಿ, ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ತೆಂಗಿನೆಣ್ಣೆಯಿಂದ ಕೆಲವರಿಗೆ ಹಿತವಾಗುತ್ತದೆ, ಆದರೆ ಕಾಂಡೋಮ್ ಬಳಸುವವರು ಹಚ್ಚಬಾರದು, ಎಣ್ಣೆಗೆ ರಬ್ಬರ್ ಹರಿಯುತ್ತದೆ. ಉರಿ ಹೋಗದಿದ್ದರೆ ಯೋನಿಯೊಳಗೆ ಹಚ್ಚುವ ಈಸ್ಟ್ರೋಜೆನ್ ಕ್ರೀಮ್ ಇದೆ, ಕೆಲವು ವಾರಗಳಲ್ಲಿ ಗುಣ ಕಾಣುತ್ತದೆ. ಅದನ್ನು ಡಾಕ್ಟರ್ ನೋಡಿಯೇ ಬರೆಯಬೇಕು. ಸ್ತನ ಕ್ಯಾನ್ಸರ್ ಆಗಿದ್ದರೆ ಮೊದಲೇ ಹೇಳಿ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತಡ ಮಾಡದೆ ತೋರಿಸಿ. ಯಜಮಾನರನ್ನೂ ಕರೆದುಕೊಂಡು ಬನ್ನಿ, ಇಬ್ಬರಿಗೂ ಒಟ್ಟಿಗೇ ಹೇಳುತ್ತೇನೆ.